ಲಿಂಗಮ್ಮನ ಬಾವಿ, ತನುಜಾಳ ಕೊಳ

"ಮೇಡಂ, ನಿಮ್ಮ ಭುಜ ನೆಲದಿಂದ ಎಷ್ಟು ಎತ್ತರಕ್ಕೆ ಬರುತ್ತೆ?"

ತನುಜಾ ಬೆಚ್ಚಿಬಿದ್ದಳು. ಹಿತ್ತಲ ಬಾಗಿಲಲ್ಲಿ ಅಳತೆ ಟೇಪು ಹಿಡಿದು ಒಬ್ಬ ನಿಂತಿದ್ದ. ಹೆಸರಿಲ್ಲ, ನಮಸ್ಕಾರವಿಲ್ಲ. ಮೊದಲ ಮಾತೇ ಇದು!

"ಯಾರ್ರೀ ನೀವು? ಹೆಣ್ಣುಮಕ್ಕಳ ಹತ್ರ ಹೀಗಾ ಮಾತಾಡೋದು?"

ಅವನ ಮುಖ ಕೆಂಪಗಾಯಿತು. "ತಪ್ಪಾಯ್ತು ಮೇಡಂ... ಸುರೇಂದ್ರ ಅಂತ, ಆಲೂರಿನವನು. ಸ್ವಿಮ್ಮಿಂಗ್ ಪೂಲ್ ಕಂಟ್ರಾಕ್ಟರ್. ನಿಮ್ಮಪ್ಪಾಜಿ ಬರೋಕೇಳಿದ್ರು. ನೀರು ನಿಮ್ಮ ಭುಜದ ಮಟ್ಟಕ್ಕೆ ನಿಲ್ಬೇಕು ಅಂತ ಡಾಕ್ಟ್ರು ಹೇಳವ್ರಂತೆ. ಅದ್ಕೇ ಕೇಳ್ದೆ."

ತನುಜಾ ಊರುಗೋಲಿನ ಮೇಲೆ ಭಾರ ಹಾಕಿ ಎದ್ದು ನಿಂತಳು. ಅವನು ನೋಡಲಿ ಎಂದೇ ಎದ್ದಳು. ಈ ಕೋಲನ್ನು ಕಂಡೊಡನೆ ಎಲ್ಲರ ಮುಖದಲ್ಲೂ ಒಂದು ಅಯ್ಯೋ ಮೂಡುತ್ತಿತ್ತು. ಆಮೇಲೆ ಅವರು ಅವಳನ್ನು ಬಿಟ್ಟು ಅವಳ ಅಪ್ಪನ ಜೊತೆ ಮಾತಾಡುತ್ತಿದ್ದರು.

ಇವನ ಮುಖದಲ್ಲಿ ಅದು ಮೂಡಲಿಲ್ಲ. ಟೇಪಿನ ತುದಿಯನ್ನು ಅವಳ ಕೈಗೇ ಕೊಟ್ಟ.

"ನೀವೇ ಭುಜಕ್ಕೆ ಹಿಡ್ಕೊಳ್ಳಿ. ನಾನು ಕೆಳಗಡೆ ನೋಡ್ಕೋತೀನಿ."

ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಅಳತೆ ನೋಡಿದ. ತಲೆ ಎತ್ತಲೇ ಇಲ್ಲ.

'ಪರವಾಗಿಲ್ಲ... ಮಾತು ಬರದಿದ್ದರೂ ಮರ್ಯಾದೆ ಬರುತ್ತೆ' ಅಂದುಕೊಂಡಳು ತನುಜಾ.

ವನಗೂರಿನ ಕಡಿದಾದ ದಾರಿಯಲ್ಲಿ ಜೀಪು ಮಗುಚಿ ಅವಳ ಸೊಂಟದ ಕೀಲು ಮುರಿದಿತ್ತು. ಸಕಲೇಶಪುರದ ಶಾಲೆಯ ಟೀಚರ್ ಕೆಲಸ ಅಲ್ಲಿಗೇ ನಿಂತಿತು. ಮೊದಲ ಆಪರೇಷನ್ ಕೆಟ್ಟದ್ದು ಮನೆಯವರಿಗೆಲ್ಲ ಗೊತ್ತಿತ್ತು, ಅವಳೊಬ್ಬಳಿಗೆ ಬಿಟ್ಟು! 'ಪಾಪ, ನೊಂದ್ಕೊತಾಳೆ' ಅಂತ ಎಲ್ಲರೂ ಮುಚ್ಚಿಟ್ಟಿದ್ದರು. ಕಾಲು ನೋಯುವುದನ್ನು ಅವಳು ತಡೆದುಕೊಂಡಿದ್ದಳು, ಆ ಮುಚ್ಚಿಟ್ಟದ್ದನ್ನು ತಡೆದುಕೊಳ್ಳಲು ಆಗಿರಲಿಲ್ಲ.

ಎರಡನೆಯ ಆಪರೇಷನ್ ಆದ ಮೇಲೆ ಮಂಗಳೂರಿನಲ್ಲಿ ಅವಳನ್ನು ನೀರಿನಲ್ಲಿ ನಡೆಸಿದರು. ಅಲ್ಲಿ, ಆ ನೀರಿನಲ್ಲಿ, ಅವಳು ಕೋಲಿಲ್ಲದೆ ನಡೆದಿದ್ದಳು! ಈ ವರ್ಷ ಹೀಗೆಯೇ ನಡೆಸಿದರೆ ಕೀಲು ಸಡಿಲವಾಗುತ್ತದೆ, ಬಿಟ್ಟರೆ ಬಿಗಿದುಕೊಂಡು ಹಾಗೆಯೇ ಉಳಿಯುತ್ತದೆ ಎಂದರು ಡಾಕ್ಟರು. ಅಪ್ಪ ಶಾಂತಮಲ್ಲಪ್ಪನವರು ಎರಡನೇ ಮಾತಾಡಲಿಲ್ಲ. ಹಿತ್ತಲಲ್ಲೇ ಕೊಳ ಕಟ್ಟಿಸುತ್ತೇನೆ ಎಂದರು.

ಈಜುವ ಕೊಳವಲ್ಲ ಅದು. ಉದ್ದಕ್ಕೆ, ಕಿರಿದಾಗಿ, ಮೆಟ್ಟಿಲಿಲ್ಲದೆ ಇಳಿಜಾರಾಗಿ ನೀರಿಗೆ ಇಳಿಯುವಂಥದ್ದು. ಎರಡು ಕಡೆಯೂ ಹಿಡಿಯಲು ಸ್ಟೀಲ್ ಕಂಬಿ. ಅಂಥದ್ದನ್ನು ಸುರೇಂದ್ರ ಎಂದೂ ಕಟ್ಟಿರಲಿಲ್ಲ. ಹಾಗಂತ ಮೊದಲ ದಿನವೇ ಹೇಳಿಬಿಟ್ಟ.

*

ಕಾಫಿ ಕುಯ್ಲು ಮುಗಿಯುವ ತನಕ ಆಳು ಸಿಗಲಿಲ್ಲ. ಸಿಕ್ಕ ಮೇಲೆ ಮರಳಿನ ಲಾರಿ ಬರಲಿಲ್ಲ. ಲಾರಿ ಬಂದ ದಿನ ಆನೆ ಬಂದವು.

"ಮೇಡಂ, ಫಾರೆಸ್ಟ್‌ನೋರಿಂದ ಮೊಬೈಲಿಗೆ ಮೆಸೇಜ್ ಬಂದೈತೆ. ಪಕ್ಕದ ತೋಟದಲ್ಲೇ ಅವಂತೆ, ಮರಿ ಬೇರೆ ಐತೆ. ಇವತ್ತು ಯಾರೂ ಬರಾಕಿಲ್ಲ ಅಂತಾವ್ರೆ."

"ನಿಮ್ಮ ಕೆಲಸಕ್ಕೆ ಆನೆನೂ ಅಡ್ಡ, ಲಾರಿನೂ ಅಡ್ಡ. ನಾಳೆ ಏನು, ನವಿಲಾ?"

"ನವಿಲಾದ್ರೆ ಓಡಿಸ್ಬೋದು ಬಿಡಿ."

ಅವಳಿಗೆ ನಗು ಬಂತು. ಜೀಪು ಮಗುಚಿದ ಮೇಲೆ ಮೊದಲ ಸಲ ಅವಳು ಹಾಗೆ ನಕ್ಕದ್ದನ್ನು ಒಳಗಿದ್ದ ಅಪ್ಪ ಕೇಳಿಸಿಕೊಂಡರು.

ಗುಂಡಿ ತೋಡಿ ಇಳಿಜಾರು ಮಾಡಿದ ದಿನ ಸುರೇಂದ್ರ ಅವಳನ್ನು ಕರೆದ.

"ಕಾಂಕ್ರೀಟ್ ಹಾಕೋಕೆ ಮುಂಚೆ ಒಂದ್ಸಲ ಇಳಿದು ನೋಡಿ. ಹಾಕ್ಬುಟ್ಟ ಮೇಲೆ ನಿಮ್ಮ ಕಾಲಿಗೆ ಒಗ್ಗದಿದ್ರೆ ನಾನೇನು ಮಾಡ್ಲಿ?"

ಹಸಿ ಮಣ್ಣಿನ ಮೇಲೆ ಅವಳು ಒಂದೊಂದೇ ಹೆಜ್ಜೆ ಇಟ್ಟಳು. ಅವನು ಅವಳ ಮುಂದೆ ಹಿಮ್ಮುಖವಾಗಿ ನಡೆದ. ಮುಟ್ಟಲಿಲ್ಲ. ಎರಡೂ ಕೈ ಚಾಚಿಕೊಂಡೇ ಇದ್ದ, ಬಿದ್ದರೆ ಹಿಡಿಯುವಷ್ಟು ಹತ್ತಿರದಲ್ಲಿ.

"ಕಡಿದಾಯ್ತಾ?"

"ಸ್ವಲ್ಪ..."

"ಸರಿ, ಇನ್ನೊಂಚೂರು ತಗ್ಗಿಸ್ತೀನಿ."

"ಮತ್ತೆ ತಡ ಆಗಲ್ವಾ?"

"ಆಗುತ್ತೆ. ನೀವು ಬೀಳೋದ್ಕಿಂತ ತಡ ಆಗೋದು ವಾಸಿ."

ಆ ದಿನ ಅವಳು ಊಟಕ್ಕೆ ಕೂತಾಗ ಕಡುಬು ತಣ್ಣಗಾದದ್ದೂ ತಿಳಿಯಲಿಲ್ಲ.

*

ಇಳಿಜಾರು ತಗ್ಗಿಸಲು ಆಳದ ಕಡೆ ಇನ್ನಷ್ಟು ಅಗೆದಾಗ ನೀರು ಬಂತು.

ಕಲ್ಲಿನ ಸಂದಿಯಿಂದ ತಣ್ಣಗೆ, ಸದ್ದಿಲ್ಲದೆ ಉಕ್ಕಿತು. ಮೇಸ್ತ್ರಿ ಲಕ್ಕಪ್ಪ ಹಾರೆ ಬಿಸಾಕಿ, ಮೆಟ್ಟು ಕಳಚಿ ಕೈಮುಗಿದ.

"ಗಂಗವ್ವ ಬಂದ್ಬುಟ್ಳು ಯಜಮಾನ್ರೇ!"

ಶಾಂತಮಲ್ಲಪ್ಪನವರ ಕಣ್ಣು ತುಂಬಿತು. "ನನ್ನ ಮಗಳಿಗೆ ಅಂತ ಕರೀದೇ ಬಂದ್ಲಪ್ಪಾ!"

ಗುಂಡಿಯಲ್ಲಿ ನೀರು ಉಕ್ಕಿದರೆ ಪೂಜೆ ಮಾಡದೆ ಮುಂದಿನ ಕೆಲಸ ಮಾಡುವವರಲ್ಲ ಈ ಕಡೆಯ ಜನ. ವಿಭೂತಿ ಇಟ್ಟರು, ಅರಿಸಿನ ಕುಂಕುಮ ಬಿಟ್ಟರು, ಕಾಯಿ ಒಡೆದರು. ಕೆಳಗಿನ ಮನೆಯ ಲಿಂಗಮ್ಮ ದಾಸವಾಳ ತಂದು ನೀರಿಗೆ ಬಿಟ್ಟಳು. ತಾಯಿ ಇಲ್ಲದ ತನುಜಾಳನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ತೋಟದ ಕೆಲಸ ಬಿಟ್ಟ ಮೇಲೆ ಇಳಿಜಾರಿನ ಕೆಳಗೆ ಒಂದು ಮನೆ, ಒಂದು ಸೇದುವ ಬಾವಿ, ನಾಲ್ಕು ಬಾಳೆ ಇಟ್ಟುಕೊಂಡಿದ್ದಳು.

"ಇನ್ನೇನವ್ವ, ಓಡಾಡ್ಬುಡ್ತೀಯ ನೀನು!" ಎಂದು ತನುಜಾಳ ಕೆನ್ನೆ ಸವರಿ, ಸಕ್ಕರೆ ತಿಂದು ಹೋದಳು.

ಮಾರನೆಯ ದಿನದಿಂದ ಕೆಲಸ ನಿಂತಿತು.

ಆಳುಗಳು ಬರಲಿಲ್ಲ. ಸುರೇಂದ್ರ, ಲಕ್ಕಪ್ಪ ಇಬ್ಬರೇ ಬಂದು ಗುಂಡಿಯ ತಳ ಅಗೆಯುತ್ತಿದ್ದರು. ಅಗೆದು ಮುಗಿದ ಕಡೆ ಅಚ್ಚುಕಟ್ಟಾಗಿ ಹಾಸಿದ್ದ ಜಲ್ಲಿಯನ್ನೇ ಕಿತ್ತು ಮೇಲೆ ಹಾಕಿದರು. ಕೇಳಿದರೆ, "ಸ್ವಲ್ಪ ತಡ ಆಗುತ್ತೆ ಮೇಡಂ." ಅಷ್ಟೇ. ಕಾರಣ ಇಲ್ಲ. ಮುಖ ಕೊಟ್ಟು ಮಾತಿಲ್ಲ.

ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು. ಮುಂಗಾರು ಹಿಡಿದರೆ ಮುಗಿಯಿತು, ಗುಂಡಿ ಕೆಸರಾಗಿ ಚಳಿಗಾಲದ ತನಕ ಯಾರೂ ಮುಟ್ಟುವ ಹಾಗಿಲ್ಲ. ಅಷ್ಟು ಹೊತ್ತಿಗೆ ಕೀಲು...

ಆನೇಮಹಲ್ ಹತ್ತಿರದ ರೆಸಾರ್ಟಿನಲ್ಲಿ ಇವನ ಆಳುಗಳೇ ಕೆಲಸ ಮಾಡುತ್ತಿದ್ದಾರೆ ಎಂದು ಹಾಲಿನವನು ಹೇಳಿಹೋದ ದಿನ ತನುಜಾ ಹಿತ್ತಲಿಗೆ ಬಂದಳು.

"ಆನೇಮಹಲ್‌ನಲ್ಲಿ ನಿಮ್ಮ ಆಳು ಇರೋದು ನಿಜಾನಾ?"

"ನಿಜ. ಇಲ್ಲಿ ಸದ್ಯಕ್ಕೆ ಅವ್ರಿಗೆ ಕೆಲಸ ಇಲ್ಲ."

"ಯಾಕಿಲ್ಲ? ಹಾಸಿದ್ದ ಜಲ್ಲಿ ಯಾಕೆ ಕಿತ್ರಿ?"

ಸುರೇಂದ್ರ ಕೆಳಗಿನ ಇಳಿಜಾರಿನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿದ.

"ಹೇಳೋಕಾಗಲ್ಲ ಮೇಡಂ. ನಿಮ್ಮ ಒಳ್ಳೇದಕ್ಕೇ ಅಂತ ನಂಬಿ."

ನಿಮ್ಮ ಒಳ್ಳೇದಕ್ಕೆ! ಅದೇ ಮಾತು... ಆಸ್ಪತ್ರೆಯಲ್ಲಿ ಎಲ್ಲರೂ ಆಡಿದ ಅದೇ ಮಾತು!

"ನೀವೊಬ್ಬರಾದ್ರೂ ನನ್ನ ಮನುಷ್ಯಳ ಹಾಗೆ ನೋಡ್ತೀರಿ ಅಂದ್ಕೊಂಡಿದ್ದೆ. ಸುಳ್ಳು ಹೇಳಿದ್ರೂ ಸಹಿಸ್ತಿದ್ದೆ... ಇನ್ನು ಬರಬೇಡಿ. ಬೇರೆಯವರ ಕೈಲಿ ಮಾಡಿಸ್ಕೋತೀವಿ."

ಅವನು ಗುದ್ದಲಿಯನ್ನು ಗೋಡೆಗೆ ಒರಗಿಸಿ ನಡೆದ.

"ನೀವಾದ್ರೂ ಹೇಳ್ಬಾರ್ದಾ ಲಕ್ಕಪ್ಪ?" ಎಂದಳು ಮೇಸ್ತ್ರಿಯ ಕಡೆ ತಿರುಗಿ.

ಲಕ್ಕಪ್ಪ ತಲೆ ಕೆರೆದುಕೊಂಡ. "ನಾನೇನೇಳ್ಲವ್ವ... ಲಿಂಗಮ್ಮನ್ನ ಒಂದ್ಮಾತು ಕೇಳು." ಅಷ್ಟು ಹೇಳಿ ಅವನೂ ಹೊರಟ.

*

ಲಿಂಗಮ್ಮ! ಪೂಜೆಯ ದಿನದಿಂದ ಅವಳು ಮನೆ ಕಡೆ ಬಂದೇ ಇರಲಿಲ್ಲ.

ಜೀಪು ಮಗುಚಿದ ಮೇಲೆ ತನುಜಾ ಆ ಇಳಿಜಾರು ಇಳಿದಿರಲಿಲ್ಲ. ಈಗ ಇಳಿದಳು. ಕಾಫಿ ಗಿಡದ ರೆಂಬೆ ಹಿಡಿದು, ನಿಂತು, ಮತ್ತೆ ಹಿಡಿದು...

ಮನೆಯ ಬಾಗಿಲು ಹಾಕಿತ್ತು. ಅವಳು ಬಾವಿಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡು, ಸುಮ್ಮನೆ ಒಳಗೆ ಇಣುಕಿದಳು.

ತಳದಲ್ಲಿ ಬರೀ ಕೆಸರು. ಬೇಸಿಗೆಯಲ್ಲೂ ಬತ್ತದ ಬಾವಿ!

ಹಳ್ಳದ ದಿಕ್ಕಿನಿಂದ ಲಿಂಗಮ್ಮ ಹತ್ತಿ ಬಂದಳು, ಸೊಂಟದಲ್ಲಿ ತುಂಬಿದ ಕೊಡ. ತನುಜಾಳನ್ನು ಕಂಡು ಅಲ್ಲಿಯೇ ನಿಂತುಬಿಟ್ಟಳು.

"ಅಯ್ಯೋ ನನ್ನವ್ವ! ಈ ಕಾಲಲ್ಲಿ ಯಾಕಿಳಿದ್ಯೇ?"

"ಬಾವಿಗೆ ಏನಾಯ್ತು ಲಿಂಗಮ್ಮ?"

"ಏನಿಲ್ಲ ಬುಡು, ಬ್ಯಾಸ್ಗೆ..."

"ಲಿಂಗಮ್ಮ!"

ಮುದುಕಿ ಕೊಡ ಇಳಿಸಿದಳು. ಸೆರಗಲ್ಲಿ ಮುಖ ಒರೆಸಿಕೊಂಡಳು.

"ಮೇಗ್ಲ ಗುಂಡೀಲಿ ನೀರು ಬಂತಲ್ಲ, ಅವತ್ತೇ ಸಂಜಿಗೆ ಇದು ಇಂಗ್ಬುಡ್ತು. ಎಲ್ಲಾ ಒಂದೇ ಒರತೆ ಕಣವ್ವ."

ಅರಿಸಿನ ಕುಂಕುಮ ಬಿಟ್ಟು, ಕಾಯಿ ಒಡೆದು, ಎಲ್ಲರೂ ಸಕ್ಕರೆ ಹಂಚಿಕೊಂಡು ತಿಂದದ್ದು... ಲಿಂಗಮ್ಮನ ಬಾವಿಯ ನೀರಿಗಾ? ಆ ನೀರಿಗೆ ಲಿಂಗಮ್ಮನೇ ಹೂ ಬಿಟ್ಟಿದ್ದಳು!

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಗುಂಡಿ ಮುಚ್ಚಿಸ್ತಿದ್ದೆ ನೀನು. ನಂಗೊತ್ತಿಲ್ವಾ ನಿನ್ನ ಹಟ? ಆ ಉಡುಗ ಸುರೇಂದ್ರ ಹೆಂಗೋ ಕಂಡ್ಕಂಡು ಕೆಳೀಕೆ ಬಂದು ಕೇಳ್ದ. 'ಹೇಳ್ಬುಡಾನ ಅಜ್ಜಿ, ಮುಚ್ಚಿಟ್ರೆ ಅವ್ರಿಗೆ ನೋವಾಯ್ತದೆ' ಅಂತ ಎಷ್ಟು ಬಡ್ಕಂಡ! ನಾನೇ ನನ್ನ ತಲೆ ಮ್ಯಾಲೆ ಕೈ ಇಡ್ಸಿ ಆಣೆ ಮಾಡ್ಸ್ಕಂಡೆ. ಕೊಳದ ತಳದಾಗೆ ಕಲ್ಲು ತುಂಬಿ, ಪೈಪು ಹಾಕಿ, ಒರತೇನ ನನ್ನ ಬಾವಿಗೇ ತಿರುಗಿಸ್ತೀನಿ ಅಜ್ಜಿ ಅಂತವ್ನೆ. ಪಾಪ, ಅವ್ನ ಮ್ಯಾಲೆ ಮುನಿಸ್ಕೋಬ್ಯಾಡ ಕಣೆ."

ತನುಜಾ ಅತ್ತಳು. ಲಿಂಗಮ್ಮನ ಒದ್ದೆ ಸೆರಗಿನಲ್ಲಿ ಮುಖ ಇಟ್ಟು ಅತ್ತಳು.

"ನಿಮ್ಮನ್ನೆಲ್ಲ ಏನ್ಮಾಡ್ಲಿ ನಾನು? ಹಳ್ಳದಿಂದ ನೀರು ಹೊತ್ತು ನನ್ನ ಕಾಲು ಸರಿ ಮಾಡ್ತೀಯಾ?"

"ಹೊರ್ತೀನಿ ಕಣವ್ವ. ಹೊತ್ರೇನೀಗ? ನಿನ್ನೂ ಹೊತ್ತಿವ್ನಿ."

*

ಸಂಜೆಗೆ ಸುರೇಂದ್ರ ಬಂದ. ಫೋನಿನಲ್ಲಿ ಅವಳು ಒಂದೇ ಮಾತು ಹೇಳಿದ್ದಳು: "ಬಾವಿ ನೋಡಿದೆ. ಬನ್ನಿ."

"ತಪ್ಪಾಯ್ತು..." ಇಬ್ಬರೂ ಒಟ್ಟಿಗೇ ಅಂದರು.

"ನೀವು ಹೇಳಿ," ಎಂದ ಅವನು.

"ಮೊದಲು ಬಾವಿ. ಅಲ್ಲಿ ನೀರು ತುಂಬಿದ ಮೇಲೆ ಕೊಳ."

"ಮೇಡಂ, ಆಳು ವಾಪಸ್ ಕರೆಸಿದ್ರೆ ಈಗ್ಲೂ ಮಳೆಗೆ ಮುಂಚೆ ಕೊಳ ಮುಗಿಸ್ಬೋದು. ತಳದಲ್ಲಿ ಪೈಪಿಗೆ ಜಾಗ ಬಿಟ್ಟಿರ್ತೀನಿ, ಮಳೆಗಾಲ ಕಳೀಲಿ, ಬಾವಿ ತನಕ ಆಮೇಲೆ ಎಳೀತೀನಿ. ಅಜ್ಜಿನೂ ಅದನ್ನೇ ಹೇಳಿದ್ದು. ಕಾಲು ಬಿಗಿದ್ಕೊಂಡ್ರೆ..."

"ಆ ಮಳೇಲಿ ಲಿಂಗಮ್ಮ ಜಾರೋ ದಾರೀಲಿ ಹಳ್ಳಕ್ಕೆ ಹೋಗ್ಲಾ? ಕಾಲು ನಂದು ತಾನೆ? ಅದರ ವಿಚಾರ ನಾನೇ ಹೇಳ್ಬೇಕು. ಹೇಳ್ತಿದೀನಿ."

ಜಗಲಿಯಲ್ಲಿ ಕೂತಿದ್ದ ಶಾಂತಮಲ್ಲಪ್ಪನವರು ಮಗಳ ಮುಖ ನೋಡಿ, ಆಗಲಿ ಎಂದು ತಲೆ ಆಡಿಸಿದರು.

ಪೈಪು ಬಾವಿ ಮುಟ್ಟಿ, ನೀರು ಬಿದ್ದ ಸದ್ದಿಗೆ ಲಿಂಗಮ್ಮ ಕೈಮುಗಿದಳು. ಅದೇ ವಾರ ಮಳೆ ಹಿಡಿಯಿತು. ಕೊಳದ ಕೆಲಸ ನಿಂತಿತು.

ದೀರ್ಘ ಮಳೆಗಾಲ ಅದು. ಕಾಲು ಬಿಗಿದುಕೊಂಡದ್ದು ಸುಳ್ಳಲ್ಲ. ಕೆಲವು ದಿನ ಅವಳಿಗೆ ಮಂಚದಿಂದ ಇಳಿಯಲೂ ಆಗುತ್ತಿರಲಿಲ್ಲ. ಸುರೇಂದ್ರ ಗುಂಡಿಯ ನೀರು ಖಾಲಿ ಮಾಡಲು ಬರುತ್ತಿದ್ದ. ಮತ್ತೆ ತುಂಬುತ್ತಿತ್ತು, ಮತ್ತೆ ಬರುತ್ತಿದ್ದ. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ.

"ಇವತ್ತು ನೋವು ಹೆಂಗೈತೆ?"

"ಜಾಸ್ತಿ ಇದೆ."

ಅವನು "ಸರಿಹೋಗುತ್ತೆ ಬಿಡಿ" ಅನ್ನುತ್ತಿರಲಿಲ್ಲ. ಸುಮ್ಮನೆ ಕೂರುತ್ತಿದ್ದ. ಆ ಸುಮ್ಮನೆ ಕೂರುವುದೇ ಅವಳಿಗೆ ಔಷಧಿಯಾಯಿತು.

ಚಳಿ ಬಿದ್ದ ಮೇಲೆ ಕಾಂಕ್ರೀಟ್ ಬಿತ್ತು. ನೀಲಿ ಟೈಲ್ಸ್ ಕೂತವು. ಕೊಳ ತುಂಬಿತು. ತನುಜಾ ನೀರಿಗಿಳಿದಳು. ಮೊದಮೊದಲು ಅಳು ಬರುವಷ್ಟು ನೋವು. ಆಮೇಲೆ ಒಂದು ದಿನ ಕಂಬಿಯಿಂದ ಒಂದು ಕೈ ತೆಗೆದಳು, ಇನ್ನೊಂದು ದಿನ ಎರಡನ್ನೂ. ಡಾಕ್ಟರು ಮೊದಲು ಹೇಳಿದ್ದಷ್ಟು ಕೀಲು ಸಡಿಲವಾಗಲಿಲ್ಲ, ನೆಲದ ಮೇಲೆ ಸಣ್ಣಗೆ ಕುಂಟು ಉಳಿಯಿತು. ಆದರೆ ನಡೆದಳು.

*

ಎಳೆ ಬಿಸಿಲಿನ ಒಂದು ಬೆಳಿಗ್ಗೆ, ತನುಜಾ ನೀರಿನಲ್ಲಿ ನಡೆಯುತ್ತಿದ್ದಾಗ, ಸುರೇಂದ್ರ ಕೊಳದ ಅಂಚಿಗೆ ಬಂದು ನಿಂತ.

"ಪಂಪು ನೋಡಿ ಹೋಗಾಣ ಅಂತ ಬಂದೆ."

"ಮೊನ್ನೆ ನೋಡಿದ್ರಲ್ಲ?"

"ಹೂಂ... ಏನೋ ಸದ್ದು ಬಂದಂಗಾಗಿತ್ತು."

"ಆಲೂರಿನ ತನಕ ಕೇಳಿಸ್ತಾ?"

ಅವನು ತಲೆ ಕೆರೆದುಕೊಂಡ. ಆಮೇಲೆ ಮುಖ ಎತ್ತಿ ನೇರವಾಗಿ ಅವಳನ್ನೇ ನೋಡಿದ.

"ಪಂಪು ಚೆನ್ನಾಗೈತೆ ತನುಜಾ. ಹಾಕಿದ ದಿನದಿಂದ ಚೆನ್ನಾಗೇ ಐತೆ. ನಾನು ಬರೋದು ನಿಮ್ಮನ್ನ ನೋಡೋಕೆ."

ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ನೀರಿನ ಚಳಿಯಲ್ಲೂ ಅವಳ ಕೆನ್ನೆ ಬಿಸಿಯಾಯಿತು.

"ಹಾಗಾದ್ರೆ ಪಾಪ, ಪಂಪಿನ ಹೆಸರು ಯಾಕೆ ಕೆಡಿಸ್ತಿದ್ರಿ?"

"ನಿಮ್ಮಪ್ಪಾಜಿ ಹತ್ರ ಕೇಳ್ಬೇಕು ಅಂತಿದೀನಿ..."

"ಮೊದಲು ನನ್ನ ಕೇಳಿ."

"ಕೇಳ್ಲಾ?"

"ಇಳಿದು ಬಂದು ಕೇಳಿ. ಮೇಲೆ ನಿಂತು ಕೇಳೋರಿಗೆ ನಾನು ಉತ್ತರ ಕೊಡಲ್ಲ."

ಸುರೇಂದ್ರ ನೀರನ್ನೇ ನೋಡುತ್ತಾ ಅಂಚಿನಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ನಂಗೆ... ಈಜು ಬರಲ್ಲ."

"ಏನೂ? ಊರೂರಿಗೆ ಕೊಳ ಕಟ್ಟೋರಿಗೆ ಈಜು ಬರಲ್ವಾ!" ತನುಜಾ ನೀರು ಚೆಲ್ಲುವ ಹಾಗೆ ನಕ್ಕಳು. "ಬನ್ನಿ. ಇಲ್ಲಿ ನಡೆದ್ರೆ ಸಾಕು."

ಅವನು ಪ್ಯಾಂಟು ಮಡಚಿದ. ಅದು ಸಾಲದೆಂದು ತಿಳಿದು ಹಾಗೆಯೇ ಇಳಿದ. ಎರಡೂ ಕೈಯಲ್ಲಿ ಕಂಬಿ ಹಿಡಿದು, ಒಂದೊಂದೇ ಹೆಜ್ಜೆ, ಎದೆಮಟ್ಟದ ನೀರಿಗೆ. ತನುಜಾ ಅವನ ಮುಂದೆ ಹಿಂದಕ್ಕೆ ಹಿಂದಕ್ಕೆ ನಡೆದಳು.

"ತನುಜಾ... ನನ್ನ ಮದ್ವೆ ಆಗ್ತೀರಾ?" ಚಳಿಗೋ ಭಯಕ್ಕೋ ಹಲ್ಲು ಕಟಕಟ ಅನ್ನುತ್ತಿತ್ತು.

"ಆಗ್ತೀನಿ. ಈಗ ಆ ಕಂಬಿ ಬಿಡಿ."

"ಬಿಟ್ರೆ ಬೀಳ್ತೀನಿ."

"ಬೀಳಲ್ಲ. ನನ್ನ ಹಿಡ್ಕೊಳ್ಳಿ."