ಕೆಂಪು ದಾರದ ಗ್ಲಾಸು

ಹೊಟ್ಟೆಕಿಚ್ಚು ಶುರುವಾದದ್ದು ಒಂದೇ ಒಂದು ‘ನೀನು’ವಿನಿಂದ.

ಮದ್ಯದ ಅಂಗಡಿಯ ಬಾಗಿಲಲ್ಲಿ ನಿಂತು ಬಾರ್‌ನವನು ಏನೋ ತಮಾಷೆ ಮಾಡಿದ. ಅವಳು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಅವನ ಭುಜಕ್ಕೆ ಬೀಸಿ, “ಏ, ನೀನು ಸುಮ್ನಿರ್ತೀಯಾ?” ಅಂದಳು.

ಒಳಗೆ ಏಣಿಯ ಮೇಲೆ ನಿಂತು ಬಾಟಲಿ ಜೋಡಿಸುತ್ತಿದ್ದ ನಾಲಿಗೆರಾಯನ ಕೈ ಅಲ್ಲೇ ನಿಂತಿತು. ಎಷ್ಟೋ ವರ್ಷದಿಂದ ಅವಳ ಜೊತೆ ಒಂದೇ ಕೌಂಟರಿನ ಹಿಂದೆ ಕೆಲಸ ಮಾಡಿದವನು ತಾನು. ತನಗೆ ಇವತ್ತಿಗೂ ‘ನೀವು’. ನಿನ್ನೆಮೊನ್ನೆ ಬೀದಿಯ ಮೂಲೆಯಲ್ಲಿ ಬಾರ್ ತೆರೆದವನಿಗೆ ‘ನೀನು’!

ನಾಲಿಗೆರಾಯ ಎಂದು ಹೆಸರಿಟ್ಟವರು ಗಿರಾಕಿಗಳು. ಆ ಮದ್ಯದ ಅಂಗಡಿಯಲ್ಲಿ ಅವನು ಚಪ್ಪರಿಸಿ ‘ಹೂಂ’ ಅಂದದ್ದಷ್ಟೇ ಶೆಲ್ಫ್ ಏರುತ್ತಿತ್ತು. ರುಚಿಗೆ ಅಷ್ಟು ಚುರುಕಾದ ನಾಲಿಗೆ ಮಾತಿಗೆ ಮಾತ್ರ ಏಳುತ್ತಿರಲಿಲ್ಲ. ಆ ಕೊರತೆಯನ್ನು ಅವಳು ತುಂಬುತ್ತಿದ್ದಳು. ಅಂಗಡಿ ಅವಳ ದೊಡ್ಡಮ್ಮನದು. ಅವಳು ಕರೆಯುವುದನ್ನು ಕೇಳಿ ಕೇಳಿ ಬೀದಿಗೆಲ್ಲ ಆ ಹೆಂಗಸು ದೊಡ್ಡಮ್ಮನೇ ಆಗಿಬಿಟ್ಟಿದ್ದರು.

ಅವತ್ತು ಬೆಳಿಗ್ಗೆ ಕೂಡ ದಪ್ಪ ಕನ್ನಡಕದ ಗಿರಾಕಿಯೊಬ್ಬ ಬಂದು, “ಒಳ್ಳೇ ನಾನ್-ಚಿಲ್ ಫಿಲ್ಟರ್ಡ್ ಬರ್ಬನ್ ಆರಿಸೋದು ಹೇಗೆ?” ಎಂದು ಕೇಳಿದ್ದ.

“ಕುಡಿದು,” ಅಂದಿದ್ದ ನಾಲಿಗೆರಾಯ.

“ಇವರನ್ನ ಕೇಳಿದ್ರೆ ಇಷ್ಟೇ ಸರ್, ಇಲ್ಲಿ ಬನ್ನಿ,” ಎಂದು ಅವಳು ಗಿರಾಕಿಯನ್ನು ಎಳೆದುಕೊಂಡಿದ್ದಳು. “ಬರ್ಬನ್ ಅಂದ್ರೆ ಮೆಕ್ಕೆಜೋಳನೇ ಹೆಚ್ಚಿರೋ ಅಮೆರಿಕದ ವಿಸ್ಕಿ. ಒಳಗೆ ಸುಟ್ಟ ಹೊಸ ಪೀಪಾಯಿಲಿ ಇಟ್ಟು ಮಾಗಿಸ್ತಾರೆ. ತುಂಬಾ ಜನ ಬಾಟಲಿಗೆ ಹಾಕೋ ಮುಂಚೆ ಕೊರೆಯೋ ಹಾಗೆ ತಣ್ಣಗೆ ಮಾಡಿ ಸೋಸ್ತಾರೆ. ಆಗ ಐಸ್ ಹಾಕಿದ್ರೂ ತಿಳಿಯಾಗಿರತ್ತೆ, ನೋಡೋಕೆ ಚೆಂದ. ಆದ್ರೆ ಆ ಎಣ್ಣೆಯಂಥ ನುಣುಪೂ ಸೋಸಿ ಹೋಗತ್ತೆ. ಸೋಸದೇ ಇರೋದಕ್ಕೆ ತಣ್ಣೀರು ಬಿದ್ರೆ ಮಬ್ಬಾಗತ್ತೆ. ಕೆಟ್ಟುಹೋಗಿದೆ ಅಂತ ಚೆಲ್ಲಬೇಡಿ ಮತ್ತೆ! ಲೇಬಲ್ ಓದಿ, ಸ್ವಲ್ಪ ಸ್ಟ್ರಾಂಗ್ ಇರೋದನ್ನೇ ತಗೊಳ್ಳಿ, ಗ್ಲಾಸ್ ಓರೆ ಮಾಡಿ ನೋಡಿ. ನಿಧಾನಕ್ಕೆ ಇಳಿದ್ರೆ ಒಳ್ಳೇದು.”

“ಇದನ್ನೇ ನಾನೂ ಹೇಳಿದ್ದು,” ಎಂದು ನಾಲಿಗೆರಾಯ ಗೊಣಗಿದ್ದ. ಅವಳು ಕಣ್ಣಂಚಿನಲ್ಲಿ ಅವನನ್ನೊಮ್ಮೆ ನೋಡಿ, ತುಟಿ ಕಚ್ಚಿ ನಗು ತಡೆದಿದ್ದಳು. ಆ ನೋಟ ಒಂದು ದಿನಕ್ಕೆ ಸಾಕಾಗುತ್ತಿತ್ತು ಅವನಿಗೆ. ಈಗ ಆ ದಿನದ ಮೇಲೆ ಬಾರ್‌ನವನು ಬಂದು ಕೂತಿದ್ದ.

“ಎರಡು ಕೇಳಿದ್ದೆ ನಾನು,” ಬಾಗಿಲಲ್ಲಿ ಬಾರ್‌ನವನ ದನಿ. ದನಿ ತಗ್ಗಿಸುವುದು ಅವನಿಗೆ ಗೊತ್ತೇ ಇರಲಿಲ್ಲ. “ನಮ್ ಬಾರ್ ನೋಡ್ಕೊಳ್ಳೋ ಕೆಲಸಕ್ಕೆ ಬರ್ತೀಯಾ ಅಂತ ಒಂದು. ಭಾನುವಾರ ನನ್ ಜೊತೆ ಸಿನಿಮಾಕ್ಕೆ ಬರ್ತೀಯಾ ಅಂತ ಇನ್ನೊಂದು.”

“ಎರಡಕ್ಕೂ ಇವತ್ತು ಟೇಸ್ಟಿಂಗ್ ಮುಗಿದ ಮೇಲೆ ಹೇಳ್ತೀನಿ.”

“ಎರಡಕ್ಕೂ ಹೂಂ ಅಂದ್ರೆ ಖರ್ಚಿಲ್ಲ ನೋಡು.”

ಅವಳು ನಕ್ಕಳು. ಏಣಿಯ ಮೇಲಿದ್ದವನ ಹೊಟ್ಟೆಯಲ್ಲಿ ಯಾರೋ ಬೆಂಕಿಕಡ್ಡಿ ಗೀರಿದ ಹಾಗಾಯಿತು.

*

ಆ ಅಂಗಡಿಗೆ ಒಂದು ರೂಢಿಯಿತ್ತು. ವರ್ಷಕ್ಕೊಮ್ಮೆ ದೊಡ್ಡಮ್ಮ ಒಂದು ಇಡೀ ಪೀಪಾಯಿ ಬರ್ಬನ್ ಕೊಂಡು, ಅಂಗಡಿಯದೇ ಹೆಸರಿನಲ್ಲಿ ಬಾಟಲಿ ಮಾಡಿಸುತ್ತಿದ್ದರು. ಅದಕ್ಕೆ ಮುಂಚೆ ನಾಲಿಗೆರಾಯ ಮತ್ತು ಅವಳು ಹಿಂದಿನ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂರಬೇಕು. ಮುಖ ನೋಡಿದರೆ ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಅಂಟುತ್ತದೆ ಎನ್ನುವುದು ದೊಡ್ಡಮ್ಮನ ನಂಬಿಕೆ. ಯಾವುದರಲ್ಲಿ ಏನಿದೆಯೆಂದು ತಿಳಿಸದೆ, ಗ್ಲಾಸಿನ ಕಾಲಿಗೆ ಬಣ್ಣದ ದಾರ ಕಟ್ಟಿ ಅವರು ಮುಂದಿಡುತ್ತಿದ್ದರು. ಮೇಜು ತಟ್ಟಿದಾಗ ಮೆಚ್ಚಿದ ಗ್ಲಾಸನ್ನು ಎತ್ತಿ ಹಿಡಿಯಬೇಕು. ಇಲ್ಲಿಯ ತನಕ ಇಬ್ಬರ ಗ್ಲಾಸೂ ಒಂದೇ ಬಣ್ಣದ್ದಾಗಿ ಏಳುತ್ತಿದ್ದವು.

ನಾಲಿಗೆರಾಯನಿಗೆ ಅದು ವರ್ಷದ ಅತಿ ಒಳ್ಳೆಯ ಹೊತ್ತು. ಅವಳು ಮೂಗು ಗ್ಲಾಸಿಗಿಟ್ಟು ಎರಡು ಸಲ ಉಸಿರೆಳೆಯುವುದು, ಮೆಚ್ಚಿಗೆಯಾದರೆ ಹಿಮ್ಮಡಿಯಿಂದ ಸ್ಟೂಲಿನ ಕಾಲನ್ನು ಮೆಲ್ಲಗೆ ತಟ್ಟುವುದು, ಅವಳ ಜಡೆ ತನ್ನ ಅಂಗಿಗೆ ಒಮ್ಮೆ ತಾಗಿ ಹೋಗುವುದು, ಎಲ್ಲವೂ ಅವನಿಗೆ ನೋಡದೆಯೇ ತಿಳಿಯುತ್ತಿತ್ತು.

ಈ ಸಲ ಸ್ಟೂಲುಗಳು ಮೂರು. ಅರ್ಧ ಪೀಪಾಯಿ ಬಾರ್‌ಗೆ ಹೋಗುವುದರಿಂದ ಬಾರ್‌ನವನಿಗೂ ಒಂದು ಓಟು. ಪೀಪಾಯಿ ಆಗಲೇ ನಿಶ್ಚಯವಾಗಿತ್ತು. ಸೋಸಿ ಬಾಟಲಿಗೆ ತುಂಬಬೇಕೋ ಸೋಸದೆಯೋ ಎನ್ನುವುದೇ ಪ್ರಶ್ನೆ. ಭಟ್ಟಿಯವರು ಎರಡರದ್ದೂ ಸ್ಯಾಂಪಲ್ ಕಳಿಸಿದ್ದರು.

“ನಂದಂತೂ ಸೋಸಿದ್ದಕ್ಕೇ ಓಟು,” ಎಂದು ತೋಳು ಮಡಿಚುತ್ತ ಕೂತ ಬಾರ್‌ನವನು. “ಗ್ಲಾಸು ಮಬ್ಬಾದ್ರೆ ನಮ್ ಗಿರಾಕಿಗಳು ತೊಳೆದೇ ಇಲ್ಲ ಅಂತ ವಾಪಸ್ ಕಳಿಸ್ತಾರೆ ದೊಡ್ಡಮ್ಮ.”

“ಕಣ್ಣಿಂದ ಕುಡಿಯೋರಿಗೆ ಹಾಗೇ,” ಅಂದ ನಾಲಿಗೆರಾಯ.

“ಅಬ್ಬಾ, ಮಾತಾಡಿದ್ರಲ್ಲ ಇವರು!”

“ಸಾಕು, ತಿರುಗಿ ಕೂತ್ಕೊಳ್ಳಿ ಎಲ್ಲರೂ,” ಎಂದರು ದೊಡ್ಡಮ್ಮ. “ತುಟಿ ಪಿಟಕ್ ಅನ್ನಬಾರದು.”

ಕೆಂಪು ದಾರದ್ದನ್ನು ನಾಲಿಗೆರಾಯ ಮೊದಲು ಕುಡಿದ. ಚೊಕ್ಕವಾಗಿತ್ತು. ವೆನಿಲಾ, ಸುಟ್ಟ ಸಕ್ಕರೆ, ಆಮೇಲೆ ಏನೂ ಇಲ್ಲ. ಮಾತಾಡುತ್ತಿದ್ದವರು ಥಟ್ಟನೆ ಎದ್ದು ಹೋದ ಹಾಗೆ. ನೀಲಿ ದಾರದ್ದು ನಾಲಿಗೆಯ ಮೇಲೆ ಕಾಲು ಚಾಚಿ ಮಲಗಿತು. ಸುಟ್ಟ ಮರ, ಕಿತ್ತಳೆ ಸಿಪ್ಪೆ, ಬೆಣ್ಣೆಯ ನುಣುಪು. ನುಂಗಿದ ಮೇಲೂ ಹೋಗಲಿಲ್ಲ. ಸೋಸದ್ದು ಇದೇ. ಯೋಚಿಸುವುದೇ ಬೇಡ.

ಬೆನ್ನ ಹಿಂದೆ ಹಿಮ್ಮಡಿ ಸ್ಟೂಲಿಗೆ ತಟ್ಟಿತು. ಅವಳಿಗೂ ಅದೇ ಹಿಡಿಸಿದೆ. ಅವನ ಎದೆ ಹಗುರಾಯಿತು.

ಅಷ್ಟರಲ್ಲಿ ಪಿಸುಮಾತು. “ನೀಲಿ ಅಲ್ವಾ?” ಬಾರ್‌ನವನು.

“ಹ್ಞೂಂ,” ಅವಳು. ಗಂಟಲಿನಲ್ಲೇ, ಮೆಲ್ಲಗೆ. ಆ ‘ಹ್ಞೂಂ’ನಲ್ಲಿ ಒಂದು ಚೂರು ನಗುವೂ ಇತ್ತು.

ಇವನು ನಮ್ಮ ಬಣ್ಣಕ್ಕೂ ಬಂದನೇ? ಅಂಗಡಿಗೆ ಬಂದ, ನಗುವಿಗೆ ಬಂದ, ಭಾನುವಾರಕ್ಕೆ ಬಂದ. ಈಗ ಕೊನೆಗುಳಿದದ್ದಕ್ಕೂ ಕೈ ಹಾಕಿದನೇ? ಅವರಿಬ್ಬರ ಗ್ಲಾಸೂ ಒಂದೇ ಬಣ್ಣದಲ್ಲಿ ಏಳುವುದು, ಅದನ್ನು ಮೂರನೆಯವನಾಗಿ ತಾನು ಹಿಂಬಾಲಿಸುವುದು… ನಾಲಿಗೆರಾಯನ ಕಿವಿ ಕೆಂಡವಾದವು.

ದೊಡ್ಡಮ್ಮ ಮೇಜು ತಟ್ಟಿದರು.

ಅವನು ಕೆಂಪು ದಾರದ ಗ್ಲಾಸು ಎತ್ತಿದ.

*

“ಅರೆ!” ಎಂದರು ದೊಡ್ಡಮ್ಮ. “ಇಬ್ಬರು ನೀಲಿ, ಇವನೊಬ್ಬ ಕೆಂಪು. ಸರಿ, ನಾನು ಇವನ ನಾಲಿಗೆನೇ ನಂಬೋದು. ತಣ್ಣೀರು ಹಾಕಿ ನೋಡಿ ಆರ್ಡರ್ ಹೇಳ್ಬಿಡ್ತೀನಿ.”

ಫ್ರಿಜ್ಜಿನಿಂದ ತಂದ ಜಗ್ಗಿನಿಂದ ಎರಡೂ ಗ್ಲಾಸಿಗೆ ನೀರು ಬಿತ್ತು. ಎಲ್ಲರೂ ತಿರುಗಿ ನೋಡಿದರು. ನೀಲಿ ದಾರದ್ದು, ಉಸಿರು ಬಿಟ್ಟ ಕನ್ನಡಿಯಂತೆ, ನಿಧಾನವಾಗಿ ಮಬ್ಬಾಯಿತು. ಕೆಂಪು ದಾರದ್ದು ನಾಚಿಕೆಯೇ ಇಲ್ಲದೆ ತಿಳಿಯಾಗಿ ನಿಂತಿತ್ತು.

ಬಾರ್‌ನವನು ತೊಡೆ ತಟ್ಟಿಕೊಂಡು ನಕ್ಕ. “ಇದೇನ್ರೀ ಇದು! ಸೋಸಿದ್ದು ಬೇಕು ಅಂದ ನಾನು ಸೋಸದ್ದು ಎತ್ತಿದೀನಿ. ಸೋಸಿದ್ರೆ ಪಾಪ ಅನ್ನೋರು ಸೋಸಿದ್ದು ಎತ್ತಿದೀರ!”

ದೊಡ್ಡಮ್ಮನಿಗೆ ನಗು ಬರಲಿಲ್ಲ. ಅವರು ನಾಲಿಗೆರಾಯನ ಹಣೆ ಮುಟ್ಟಿ ನೋಡಿದರು. “ಏನಾಯ್ತಪ್ಪಾ? ಶೀತನಾ? ಮೂಗು ಕಟ್ಟಿದ್ರೆ ರುಚಿ ಗೊತ್ತಾಗಲ್ಲ, ಅದಕ್ಯಾಕೆ ಸಂಕೋಚ?”

“ಹೌದೌದು, ಶೀತ ಇದ್ರೆ ಯಾರಿಗಾದ್ರೂ ಆಗತ್ತೆ,” ಎಂದು ಬಾರ್‌ನವನೂ ದೊಡ್ಡ ಮನಸ್ಸು ಮಾಡಿದ. ಆ ದೊಡ್ಡ ಮನಸ್ಸೇ ಎಲ್ಲಕ್ಕಿಂತ ಹೆಚ್ಚು ಉರಿಸಿತು.

ಅವಳು ಗ್ಲಾಸು ಮೇಜಿನ ಮೇಲಿಟ್ಟು ನಾಲಿಗೆರಾಯನನ್ನೇ ನೋಡಿದಳು. ಹುಬ್ಬು ಒಂದಿಷ್ಟು ಮೇಲೆ, ತುಟಿ ಬಿಗಿ. ಗಿರಾಕಿಗೆ ಅವನ ಒಂದು ಪದವನ್ನು ಹತ್ತು ಮಾಡಿ ಹೇಳುತ್ತಿದ್ದವಳು ಈಗ ಅವನ ಪರವಾಗಿ ಒಂದನ್ನೂ ಹೇಳಲು ಸಿದ್ಧಳಿರಲಿಲ್ಲ.

ಶೀತ ಅಂದರೆ ಎಲ್ಲ ಮುಗಿಯುತ್ತಿತ್ತು. ನಾಲಿಗೆಯ ಮರ್ಯಾದೆ ಉಳಿಯುತ್ತಿತ್ತು, ಒಂದು ಕಷಾಯದಲ್ಲಿ ವಿಷಯ ಕರಗುತ್ತಿತ್ತು. ಮತ್ತು ಇನ್ನು ಸ್ವಲ್ಪ ಹೊತ್ತಿಗೆ ಅವಳು ಇದೇ ಕೋಣೆಯಲ್ಲಿ ಬಾರ್‌ನವನಿಗೆ ಎರಡು ಉತ್ತರ ಹೇಳುತ್ತಿದ್ದಳು.

“ಶೀತ ಇಲ್ಲ,” ಅಂದ ಅವನು. “ಮೊದಲನೇ ಗುಟುಕಿಗೇ ಗೊತ್ತಾಯ್ತು ನೀಲಿ ಅಂತ. ಬೇಕಂತಲೇ ಕೆಂಪು ಎತ್ತಿದೆ.”

“ಬೇಕಂತ? ನನ್ ಪೀಪಾಯಿ ಮೇಲೆ ನಿಂಗೇನಪ್ಪಾ ಸಿಟ್ಟು?”

“ಪೀಪಾಯಿ ಮೇಲಲ್ಲ ದೊಡ್ಡಮ್ಮ.” ಅವನು ಬಾರ್‌ನವನತ್ತ ಕೈ ತೋರಿಸಿದ. “ಇವರು ನೀಲಿನಾ ಅಂತ ಕೇಳಿದ್ರು. ಅವಳು ಹ್ಞೂಂ ಅಂದ್ಳು. ನಂಗೆ ತಡ್ಕೊಳ್ಳೋಕೆ ಆಗ್ಲಿಲ್ಲ.”

ತನ್ನ ಬಾಯಿಂದ ‘ಅವಳು’ ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ದೊಡ್ಡಮ್ಮನಿಗೆ ಗೊತ್ತಾಯಿತು. ಅವರು ಇವನನ್ನೊಮ್ಮೆ, ತಂಗಿಯ ಮಗಳನ್ನೊಮ್ಮೆ ನೋಡಿ, ಬಾರ್‌ನವನ ತೋಳು ಹಿಡಿದರು.

“ಬನ್ನಿ, ನಮ್ ಗೋಡೌನ್ ತೋರಿಸ್ತೀನಿ.”

“ಹೋದ ವಾರ ನೋಡಿದೆನಲ್ಲ ದೊಡ್ಡಮ್ಮ.”

“ಸರಿಯಾಗಿ ನೋಡಿಲ್ಲ ನೀವು. ಬನ್ನಿ.”

*

“ದೊಡ್ಡಮ್ಮ ನಿಮ್ಮನ್ನ ಎಷ್ಟು ನಂಬ್ತಾರೆ ಗೊತ್ತಾ?” ಅವಳು ಶುರುಮಾಡಿದಳು.

“ಹೂಂ.”

“ನಿಮ್ಮ ಹೊಟ್ಟೆಕಿಚ್ಚಿಗೆ ಇಡೀ ಪೀಪಾಯಿ ಹಾಳಾಗ್ತಿತ್ತು.”

“ಹೂಂ.”

“ಹೂಂಗುಟ್ಟೋಕೆ ನಾನೇನು ಕಥೆ ಹೇಳ್ತಿದೀನಾ? ಬಾಯಿ ಬಿಡ್ರೀ!”

ಅವನು ಬಾಯಿ ಬಿಟ್ಟ. “ಅವನಿಗೆ ನೀನು ಅಂತೀರ.”

“ಅಂತೀನಿ.”

“ಬಟ್ಟೆಲಿ ಹೊಡೀತೀರ.”

“ಹೊಡೀತೀನಿ. ನಿಮಗೂ ಬೇಕಿತ್ತಾ?”

“ಬೇಕಿತ್ತು,” ಅಂದ ಅವನು, ತೀರಾ ಗಂಭೀರವಾಗಿ.

ಅವಳ ಸಿಟ್ಟಿನಲ್ಲಿ ಒಂದು ಬಿರುಕು ಬಿತ್ತು. ಆದರೂ ಬಿಡಲಿಲ್ಲ. “ನಿಮಗೆ ನೀನು ಅನ್ನೋಕೆ ನಂಗೆ ಭಯ. ಅಂದ್ರೆ ದನಿನೇ ಬೇರೆ ಆಗ್ಬಿಡತ್ತೆ, ದೊಡ್ಡಮ್ಮಂಗೆ ಗೊತ್ತಾಗ್ಬಿಡತ್ತೆ. ಮನೇಲಿ ಕನ್ನಡಿ ಮುಂದೆ ಅಂದು ನೋಡಿದೀನಿ. ಅವನಿಗೆ ಅನ್ನೋವಾಗ ಏನೂ ಆಗಲ್ಲ. ಅದಕ್ಕೇ ಅಷ್ಟು ಸಲೀಸು.”

ಅವನು ಅವಳತ್ತ ಒಂದು ಹೆಜ್ಜೆ ಇಟ್ಟ. “ನಂಗೆ ನೀವು ಬೇಕು,” ಅಂದ. “ಕೆಲಸಕ್ಕಲ್ಲ. ಅಂದ್ರೆ… ಬೆಳಿಗ್ಗೆ ಬಾಗಿಲಲ್ಲಿ ನಿಮ್ಮ ಚಪ್ಪಲಿ ಸದ್ದು ಕೇಳೋ ತನಕ ನಂಗೆ ಕಾಫಿ ರುಚಿನೂ ಗೊತ್ತಾಗಲ್ಲ. ನಾಲಿಗೆ ಇದೆ ಅನ್ಸೋದೇ ಆಮೇಲೆ.”

“ಇಷ್ಟು ಉದ್ದ ಮಾತಾಡ್ತೀಯಾ ನೀನು?” ಅವಳ ದನಿ ನಿಜಕ್ಕೂ ಬೇರೆಯಾಗಿತ್ತು. ಕೆನ್ನೆ ಬಿಸಿಯಾಗಿ ಅವಳು ಕಿಟಕಿಯತ್ತ ತಿರುಗಿದಳು, ಮತ್ತೆ ಇತ್ತ ತಿರುಗಿದಳು. “ಆದ್ರೆ ಕೇಳು. ಆ ಕೆಲಸಕ್ಕೆ ನಾನು ಹೋಗ್ತೀನಿ.”

“ನಾನು ಇಷ್ಟು ಹೇಳಿದ ಮೇಲೂ?”

“ನೀನು ಹೇಳಿದೆ ಅಂತ ಇಲ್ಲೇ ಕೂತಿರಬೇಕಾ? ಅಲ್ಲಿ ಯಾವ ಬಾಟಲಿ ಇರ್ಬೇಕು, ಯಾವುದು ಬೇಡ, ಎಲ್ಲ ನಾನೇ ಹೇಳೋದು. ಇಲ್ಲಿ ನಾನು ನಿನ್ನ ಮಾತನ್ನೇ ಉದ್ದ ಮಾಡಿ ಹೇಳ್ತಿದ್ದೆ. ನಂಗೂ ನಾಲಿಗೆ ಇದೆ.”

ಇದೆ. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಅವಳು ದಿನವಿಡೀ ಆ ಮಡಿಚಿದ ತೋಳಿನವನ ಪಕ್ಕದಲ್ಲಿ, ಕಡಿಮೆ ಬೆಳಕಿನಲ್ಲಿ, ನಗುತ್ತ ನಿಂತಿರುವ ಚಿತ್ರ ಕಣ್ಣ ಮುಂದೆ ಹಾದುಹೋಯಿತು. ಬೇಡ ಅನ್ನಬಹುದಿತ್ತು. ಇಂದು ಒಂದು ಸುಳ್ಳು ಸಾಕು ಅನಿಸಿತು.

“ಹೋಗಿ,” ಅಂದ. “ಆ ಕೆಲಸ ನಿಮ್ಮದೇ.”

ಅವಳು ಹತ್ತಿರ ಬಂದು ಅವನ ಕಾಲರಿನ ಮೇಲೆ ಅಂಟಿದ್ದ ಲೇಬಲ್ಲಿನ ಚೂರನ್ನು ಉಗುರಿನಿಂದ ಕಿತ್ತಳು. ಕಿತ್ತ ಮೇಲೂ ಬೆರಳು ಅಲ್ಲೇ ಇತ್ತು.

ಗೋಡೌನಿನ ಬಾಗಿಲು ಕಿರ್ರೆಂದಿತು. ದೊಡ್ಡಮ್ಮ ಬೇಕೆಂದೇ ಎರಡು ಸಲ ಕೆಮ್ಮಿ ಒಳಬಂದರು. ಹಿಂದೆ ಬಾರ್‌ನವನು, ತಲೆಗೆ ಜೇಡರ ಬಲೆ ಮೆತ್ತಿಕೊಂಡು.

“ಕೆಲಸಕ್ಕೆ ಬರ್ತೀನಿ,” ಎಂದಳು ಅವಳು ಅವನಿಗೆ. “ಭಾನುವಾರಕ್ಕೆ ಬರಲ್ಲ. ಬೇರೆಯವರ ಜೊತೆ ಹೋಗ್ತಿದೀನಿ.”

ಬಾರ್‌ನವನು ಮೂವರ ಮುಖವನ್ನೂ ನೋಡಿದ. ಅವನ ಮುಖ ಒಂದು ಗಳಿಗೆ ಬಾಡಿತು. ಆಮೇಲೆ ಬಲೆ ಬಿಡಿಸಿಕೊಳ್ಳುತ್ತ, “ಗೋಡೌನ್ ನೋಡಿದಾಗಲೇ ಡೌಟ್ ಬಂತು. ಅಲ್ಲಿ ನೋಡೋಕೆ ಏನೂ ಇರ್ಲಿಲ್ಲ,” ಅಂದ.

ಅವಳು ನಕ್ಕುಬಿಟ್ಟಳು. ಜೋರಾಗಿ, ತಲೆ ಹಿಂದಕ್ಕೆ ಹಾಕಿ, ಕಣ್ಣಲ್ಲಿ ನೀರು ಬರುವ ಹಾಗೆ.

ದೊಡ್ಡಮ್ಮ ಸೋಸದ್ದೇ ಕಳಿಸಿ ಎಂದು ಫೋನಿನಲ್ಲಿ ಹೇಳುತ್ತಿದ್ದರು. ನಾಲಿಗೆರಾಯ ಅವಳ ಕಿವಿಯ ಹತ್ತಿರ ಬಗ್ಗಿದ.

“ಅವನ ಜೋಕಿಗೆ ಅಷ್ಟು ನಗಬೇಡ. ಉರೀತಿದೆ ನಂಗೆ.”

“ಉರೀಲಿ,” ಅಂದಳು ಅವಳು, ಅತ್ತ ನಗುತ್ತಲೇ. ಇತ್ತ ಮೇಜಿನ ಕೆಳಗೆ ಅವಳ ಕೈ ಅವನ ಕೈ ಹುಡುಕಿ, ಬೆರಳಿಗೆ ಬೆರಳು ಸೇರಿಸಿ, ಗಟ್ಟಿಯಾಗಿ ಹಿಡಿಯಿತು.