ಮಿಲ್ಲಿನ ಹಿಂದಿನ ಸಾಲುಮನೆ

ಅಜ್ಜಿಯ ಟ್ರಂಕಿನ ಮೇಲೆ ಮೆಣಸು ಗಟ್ಟಿಯಾಗಿ ಕೂತುಬಿಟ್ಟಿದ್ದಳು. ಅವಳು ಏಳದೆ ಟ್ರಂಕು ಏಳದು, ಟ್ರಂಕು ಏಳದೆ ಅಜ್ಜಿ ಹೊರಡಲಾರಳು. ಈ ಐದನೇ ಕ್ಲಾಸಿನ ಹುಡುಗಿ ಗೇಣುದ್ದ ಇದ್ದರೂ ಹಟಕ್ಕೇನೂ ಕಡಿಮೆಯಿರಲಿಲ್ಲ. ಮನೆಯವರು ಸುಮ್ಮನೆ ಆ ಹೆಸರಿಟ್ಟಿದ್ದರೇ?

ಅಜ್ಜಿ ಬಟ್ಟೆ ಮಿಲ್ಲಿನಲ್ಲಿ ಮೂವತ್ತೆರಡು ವರ್ಷ ಮಗ್ಗ ನಡೆಸಿದವಳು. ರಿಟೈರ್ ಆಗಿ ಇವರ ಫ್ಲ್ಯಾಟಿಗೆ ಬಂದು ಒಂದು ತಿಂಗಳಾಗಿತ್ತು. ಮೆಣಸು ತನ್ನ ರೂಮಿನಲ್ಲಿ ಅರ್ಧ ಬಿಟ್ಟುಕೊಟ್ಟಿದ್ದಳು, ಅದೂ ಕಿಟಕಿಯ ಕಡೆಯ ಅರ್ಧ. ಈಗ ನೋಡಿದರೆ ಅಜ್ಜಿ ಮಿಲ್ಲಿನ ಹಿಂದಿನ ಸಾಲುಮನೆಗೆ ಹೋಗುತ್ತಾಳಂತೆ. ಅಲ್ಲಿರುವವರೆಲ್ಲ ರಿಟೈರ್ ಆದವರೇ. ಒಬ್ಬೊಬ್ಬರಿಗೆ ಒಂದು ಕೋಣೆ, ಎಲ್ಲರಿಗೂ ಸೇರಿ ಒಂದೇ ನಲ್ಲಿ.

ಜನ ಏನಂದಾರು ಎಂಬ ಚಿಂತೆ ಅಪ್ಪನಿಗೆ. ಇಲ್ಲೇನು ಕಡಿಮೆಯಾಗಿದೆ ಎಂದು ಎಷ್ಟು ಕೇಳಿದರೂ ಅಜ್ಜಿ, ಏನೂ ಇಲ್ಲ ಕಣಪ್ಪ, ಅಲ್ಲಿ ನನ್ನ ಜೊತೆಯವರಿದ್ದಾರೆ ಎನ್ನುತ್ತಿದ್ದಳು. ಕೊನೆಗೆ ಅಪ್ಪ ಮೆಣಸನ್ನು ಎತ್ತಿ ಪಕ್ಕಕ್ಕಿಟ್ಟು ಟ್ರಂಕು ಹೊತ್ತರು. ಮೆಣಸು ಬಸ್ಸಿನುದ್ದಕ್ಕೂ ಮುಖ ಊದಿಸಿಕೊಂಡು ಕೂತಳು.

ಸಾಲುಮನೆಯ ಅಂಗಳದಲ್ಲಿ ಆರೇಳು ಮುದುಕಿಯರು ಗೋಡೆಗೊರಗಿ ಕೂತಿದ್ದರು. ಒಬ್ಬರೂ ಪಿಟ್ಟೆನ್ನಲಿಲ್ಲ. ಜಗಳವಾಡಿ ಮಾತು ಬಿಟ್ಟಿರಬೇಕು ಎಂದುಕೊಂಡಳು ಮೆಣಸು. ಅಜ್ಜಿ ಅವರ ನಡುವೆ ಹೋಗಿ ಕೂತು ತುಟಿ ಅಲ್ಲಾಡಿಸಿದಳು. ದನಿಯೇ ಇಲ್ಲ. ಆದರೂ ಎಲ್ಲರೂ ಒಟ್ಟಿಗೆ ಗೊಳ್ಳೆಂದರು. ಅಜ್ಜಿ ಹೀಗೆ ಹೊಟ್ಟೆ ಹಿಡಿದುಕೊಂಡು ನಗುವುದನ್ನು ಮೆಣಸು ಒಂದು ದಿನವೂ ನೋಡಿರಲಿಲ್ಲ.

ಪಕ್ಕದ ಕೋಣೆಯ ಬೊಚ್ಚುಬಾಯಿಯ ಮುದುಕಿ ಅವಳನ್ನು ಹತ್ತಿರ ಕರೆದು ಕೂರಿಸಿಕೊಂಡಳು. “ಮಗ್ಗದ ಗದ್ದಲದಲ್ಲಿ ಕೂಗಿದ್ರೆ ಯಾರಿಗೆ ಕೇಳ್ಸುತ್ತೆ ಮಗು? ತುಟಿ ನೋಡ್ಕೊಂಡೇ ಮಾತಾಡ್ತಿದ್ವಿ. ಈಗ ನಮ್ಮೆಲ್ಲರ ಕಿವಿ ಹೋಗಿದೆ. ಇಲ್ಲಾದ್ರೆ ಎಲ್ರೂ ಮುಖಕ್ಕೆ ಮುಖ ಕೊಟ್ಟು ಮಾತಾಡ್ತಾರೆ. ಅದಕ್ಕೇ ಇಲ್ಲಿಗೆ ಬಂದು ಸೇರ್ಕೋತೀವಿ.”

ಮೆಣಸಿಗೆ ಮನೆ ನೆನಪಾಯಿತು. ಅಮ್ಮ ಒಲೆಯ ಕಡೆ ತಿರುಗಿ ಮಾತಾಡುತ್ತಾರೆ. ಅಪ್ಪ ಮೊಬೈಲ್ ನೋಡುತ್ತ ಮಾತಾಡುತ್ತಾರೆ. ತಾನಂತೂ ಶೂ ಲೇಸು ಕಟ್ಟುತ್ತ ಬಗ್ಗಿಕೊಂಡೇ ಏನೇನೋ ಹರಟುತ್ತಾಳೆ. ಅಜ್ಜಿ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು. ಪಾಪ, ಯಾವುದಕ್ಕೂ ಬೇಡ ಅನ್ನೋದಿಲ್ಲ ಎಂದು ಅಮ್ಮ ಅದನ್ನೇ ಹೊಗಳುತ್ತಿದ್ದರು.

ಅವಳು ಓಡಿಹೋಗಿ ಅಜ್ಜಿಯ ಎದುರಿಗೇ ನಿಂತಳು. “ಮನೆಗೆ ಬಾ ಅಜ್ಜಿ. ಇನ್ಮೇಲೆ ನಾವೂ ಮುಖ ನೋಡಿ ಮಾತಾಡ್ತೀವಿ, ಪ್ರಾಮಿಸ್.”

ಅಜ್ಜಿ ಅವಳ ಕೆನ್ನೆ ಸವರಿದಳು. “ಒಂದು ವಾರ ಮಾಡ್ತೀರಿ, ಆಮೇಲೆ ಮರೀತೀರಿ. ಬೇಕೂಂತ ಅಲ್ಲ ಬಿಡು. ನಿಮಗೆ ಅದು ಅಭ್ಯಾಸ ಇಲ್ಲ.”

ಅಷ್ಟರಲ್ಲಿ ಆಚೆ ತುದಿಯಿಂದ ಯಾರೋ ತುಟಿ ಅಲ್ಲಾಡಿಸಿದರು. ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು. ಅವರು ಏನಂದರು ಎಂದು ಮೆಣಸು ಕೇಳಿದಳು. ಅಜ್ಜಿ ನಗುತ್ತಲೇ ಕಣ್ಣೊರೆಸಿಕೊಂಡು, “ಏನಿಲ್ಲ ಬಿಡು,” ಎಂದಳು.

ಮೆಣಸಿನ ಮುಖ ಬಿಸಿಯಾಯಿತು. ಈ ತಿಂಗಳೆಲ್ಲ ಅಜ್ಜಿ ಏನಂದೆ ಎಂದು ಕೇಳಿದಾಗಲೆಲ್ಲ ತಾನು ಕೊಟ್ಟ ಉತ್ತರವೂ ಇದೇ. ಸುತ್ತಲೂ ಎಲ್ಲರೂ ನಗುತ್ತಿದ್ದರು. ಅವಳೂ ಅವರ ಮುಖ ನೋಡಿಕೊಂಡು ಸ್ವಲ್ಪ ನಕ್ಕಳು.