ಒಬ್ಬರನ್ನು ಬಿಟ್ಟರೂ

"ನೀನು ಆಕ್ಕೊಳ್ದಿದ್ರೆ ಅವ್ಳು ಎಲ್ಲಿರ್ಬೇಕು, ಏಳು?"

ಅತ್ತೆ ಸೊಣ್ಣಮ್ಮನ ಪ್ರಶ್ನೆಗೆ ಶ್ಯಾಮಲಾ ನಕ್ಕುಬಿಟ್ಟಳು. ಮದುವೆಯಾಗಿ ಈ ಮನೆಗೆ ಬಂದ ಮೊದಲ ಶುಕ್ರವಾರ. ಮುದುಕಿಯ ಅಂಗೈಯಲ್ಲಿ ಉಗುರಿನಷ್ಟಗಲದ ಚಿನ್ನದ ಬಿಲ್ಲೆಯಿತ್ತು. ಅದರ ಮೇಲೆ ಹೆಣ್ಣಿನ ಮುಖದ ಅಚ್ಚು. ಕಣ್ಣು, ಮೂಗು, ಹಣೆಯ ಬೊಟ್ಟು ಎಲ್ಲ ಮೂಡಿತ್ತು, ಬಾಯಿ ಮಾತ್ರ ಸರಿಯಾಗಿ ಮೂಡಿರಲಿಲ್ಲ. ಹೆಂಡತಿ ಸತ್ತವನನ್ನು ಕಟ್ಟಿಕೊಂಡವಳು ತನ್ನ ತಾಳಿಯ ಪಕ್ಕದಲ್ಲಿ ಸತ್ತವಳ ಹೆಸರಿನ ಸವತಿ ತಾಳಿಯನ್ನೂ ಪೋಣಿಸಿಕೊಳ್ಳಬೇಕು ಎನ್ನುವುದು ಆ ಮನೆತನದ ಪದ್ಧತಿ.

"ಗಂಡನ್ನ ಹಂಚ್ಕೊಳ್ಳೋದು ಹಳೇ ಕಾಲಕ್ಕೆ ಮುಗೀತು ಅನ್ಕೊಂಡಿದ್ದೆ ಅತ್ತೆ. ಕತ್ತನ್ನೂ ಹಂಚ್ಕೋಬೇಕಾ?"

"ನಗಬ್ಯಾಡ ಕಣವ್ವ." ಸೊಣ್ಣಮ್ಮ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಇದು ಬರೀ ಚಿನ್ನ ಅಲ್ಲ. ಮಾಲಾ ಜ್ವರ ಬಂದು ಓದ ಮ್ಯಾಲೂ ಮಗೀನ ತಲೆ ಬಾಚ್ತಿದ್ಲು. ಬೆಳಗ್ಗೆ ಎದ್ದು ನೋಡಿದ್ರೆ ಮಗೀಗೆ ಜಡೆ ಎಣೆದಿರೋದು. ನಾನ್ ಎಣ್ದಿಲ್ಲ, ಅವಳಪ್ಪ ಎಣ್ದಿಲ್ಲ. ಅದೂ ಎಡಗೈಯೋರು ಎಣ್ದಂಗೆ. ಮಾಲಾ ಎಡಚಿ. ಎದ್ರಿಕೊಂಡು ಸರ್ಜಾಪುರದ ಕಡೆಯಿಂದ ಮಂತ್ರದೋರೊಬ್ರನ್ನ ಕರ್ಸಿ ಅವ್ಳನ್ನ ಇದ್ರಾಗೆ ಕಟ್ಟಾಕ್ಸಿದೆ. ಬರೋಳ ಮೈಮ್ಯಾಲೆ ಇದ್ರೆ ಸುಮ್ಕಿರ್ತಾಳೆ ಅಂದ್ರು. ಮೈ ಸಿಗ್ದಿದ್ರೆ ಸಿಕ್ಕಿದ ಮೈಗೆ ಬತ್ತಾಳಂತೆ."

ಶ್ಯಾಮಲಾ ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು ನಡುವಿನ ಸಣ್ಣ ಕೋಣೆಗೆ ಹೋದಳು. ಅಲ್ಲಿದ್ದ ಟ್ರಂಕಿನಲ್ಲಿ ಮಾಲಾಳ ಧಾರೆ ಸೀರೆ ಇತ್ತು. ಸೀರೆಯ ಮಡಿಕೆಯೊಳಗೆ ಬಿಲ್ಲೆ ತುರುಕಿ ಮುಚ್ಚಳ ಹಾಕಿದಳು.

"ಅವ್ರ ಸೀರೆ ಜೊತೇಲಿ ಅವ್ರೂ ಇರ್ಲಿ ಬಿಡಿ ಅತ್ತೆ. ಜಾಗ ಬೇಕಾದಷ್ಟಿದೆ."

ಸೊಣ್ಣಮ್ಮ ಟ್ರಂಕಿನ ಕಡೆ ಕೈ ಮುಗಿದು ಹೊರಗೆ ಹೋದಳು.

ಬಾಗಲಗುಂಟೆಯ ಆ ಮನೆ ಹಗಲಲ್ಲೂ ಲೈಟು ಬೇಡುತ್ತಿತ್ತು. ಒಂದು ಕಾಲಕ್ಕೆ ಸೊಣ್ಣಮ್ಮನ ಗಂಡ ರಾಗಿ ಬೆಳೆಯುತ್ತಿದ್ದ ಜಾಗ. ಈಗ ಅದೇ ಜಾಗದಲ್ಲಿ ಮೇಲೆ ಬಾಡಿಗೆ ಮನೆಗಳು, ಕೆಳಗೆ ಇವರು. ಅಕ್ಕಪಕ್ಕದವರೂ ಒಂದಿಂಚು ಬಿಡದೆ ಕಟ್ಟಿದ್ದರಿಂದ ಕಿಟಕಿ ತೆರೆದರೆ ಎದುರಿನ ಗೋಡೆಯೇ ಕೈಗೆ ಸಿಗುತ್ತಿತ್ತು. ಆ ಸಂದಿನಲ್ಲಿ ಪೀಣ್ಯದ ಶೆಡ್ಡುಗಳ ಕಾದ ಎಣ್ಣೆ ವಾಸನೆ ಬಂದು ನಿಂತು, ಸಂಜೆಯವರೆಗೂ ಹೊರಡುತ್ತಿರಲಿಲ್ಲ.

ಶ್ಯಾಮಲಾ ಬೆಳೆದದ್ದು ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ಮರಗಳ ನಡುವೆ. ಗಾರ್ಮೆಂಟ್ಸಿನಲ್ಲಿ ಕ್ವಾಲಿಟಿ ಚೆಕ್ಕಿಂಗ್ ಕೆಲಸ. ಮದುವೆ ಇನ್ನು ಆಗದು ಎಂದು ಎಲ್ಲರೂ ಕೈಬಿಟ್ಟ ವಯಸ್ಸಿನಲ್ಲಿ ನಂದೀಶನ ಸಂಬಂಧ ಬಂದಿತ್ತು. ಲೇತ್ ಶೆಡ್ಡು ನಡೆಸುವ, ಮಾತು ಕಡಿಮೆಯ ಮನುಷ್ಯ. ಅವಳು ಒಪ್ಪಿದ್ದು ಅವನನ್ನು ನೋಡಿಯಲ್ಲ. ಹೆಣ್ಣು ನೋಡಲು ಬಂದ ದಿನ ಅವನ ಮಗಳು ರಕ್ಷಿತಾ ತನ್ನ ಬಿಸ್ಕತ್ತನ್ನು ಮುರಿದು, ಅರ್ಧವನ್ನು ಸದ್ದಿಲ್ಲದೆ ಶ್ಯಾಮಲಾಳ ಸಾಸರಿನಲ್ಲಿ ಇಟ್ಟಿದ್ದಳು. ಅಷ್ಟೇ. ಆದರೆ ಮನೆಗೆ ಬಂದ ಮೇಲೆ ಆ ಹುಡುಗಿ ಅವಳನ್ನು ಕರೆದದ್ದು 'ಆಂಟಿ' ಎಂದು. ಇವತ್ತಲ್ಲ ನಾಳೆ ಅಮ್ಮ ಅಂದಾಳು ಎಂದು ಶ್ಯಾಮಲಾ ಕಾಯುತ್ತಿದ್ದಳು. ಕಾಯುತ್ತಿರುವುದು ಯಾರಿಗೂ ಕಾಣದ ಹಾಗೆ ಕಾಯುತ್ತಿದ್ದಳು.

ಕಜ್ಜಿ ಮೊದಲು ಕಾಣಿಸಿದ್ದು ರಕ್ಷಿತಾಳ ಬೆರಳ ಸಂದುಗಳಲ್ಲಿ. ಸಾಸಿವೆಯಂಥ ಗುಳ್ಳೆಗಳು, ನಡುನಡುವೆ ಪೆನ್ಸಿಲಿನಲ್ಲಿ ಎಳೆದಂಥ ಬೂದು ಗೆರೆಗಳು. ಆಮೇಲೆ ಮಣಿಕಟ್ಟು, ಕಂಕುಳು, ಹೊಟ್ಟೆ. ಕೆರೆದು ಕೆರೆದು ಹುಡುಗಿಯ ಉಗುರು ಕೆಂಪಗಾಯಿತು. ಸ್ಕೂಲಿನವರು ವಾಸಿಯಾಗುವವರೆಗೆ ಕಳಿಸಬೇಡಿ ಎಂದರು. ಅಷ್ಟರಲ್ಲಿ ನಂದೀಶ, ಸೊಣ್ಣಮ್ಮ ಇಬ್ಬರೂ ಗೋಡೆಗೆ ಬೆನ್ನು ಉಜ್ಜತೊಡಗಿದ್ದರು.

"ಇದು ಚರ್ಮದೊಳಗೆ ಸುರಂಗ ಕೊರೆಯೋ ಹುಳ," ಎಂದರು ಚರ್ಮದ ಡಾಕ್ಟರು. "ಈ ಕ್ರೀಮು ಕತ್ತಿಂದ ಕಾಲಿನವರೆಗೆ ಹಚ್ಚಿ. ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಸ್ನಾನ. ವಾರ ಬಿಟ್ಟು ಇನ್ನೊಂದ್ಸಲ. ಬಟ್ಟೆ, ಹೊದಿಕೆ ಎಲ್ಲ ಕುದಿಯೋ ನೀರಿಗೆ ಹಾಕಿ ಬಿಸಿಲಿಗೆ ಹರವಿ. ಕುದಿಸೋಕಾಗದ್ದನ್ನ ಕವರಲ್ಲಿ ಬಿಗಿಯಾಗಿ ಕಟ್ಟಿಡಿ. ಮನುಷ್ಯರ ಮೈ ಶಾಖ ಇಲ್ದೆ ಈ ಹುಳ ಎರಡು ಮೂರು ದಿನದ ಮೇಲೆ ಬದುಕಲ್ಲ. ಆದ್ರೆ ಮೇಡಂ, ಮನೇಲಿರೋ ಎಲ್ರೂ ಒಂದೇ ದಿನ ಹಚ್ಕೋಬೇಕು. ನವೆ ಇರ್ಲಿ ಬಿಡ್ಲಿ. ಒಬ್ಬರನ್ನ ಬಿಟ್ರೂ ವಾಪಸ್ ಬರುತ್ತೆ."

ಶ್ಯಾಮಲಾ ಅದನ್ನು ಫ್ಯಾಕ್ಟರಿಯ ಕೆಲಸದಂತೆ ಮಾಡಿದಳು. ದಿಂಬಿನ ಚೀಲದಿಂದ ಹಿಡಿದು ಕಾಲೊರೆಸುವ ಬಟ್ಟೆಯವರೆಗೆ ಕುದಿಸಿದಳು. ಎಲ್ಲರಿಗೂ ಹಚ್ಚಿಸಿದಳು, ತಾನೂ ಹಚ್ಚಿಕೊಂಡಳು. ವಾರದ ಮೇಲೆ ಇನ್ನೊಮ್ಮೆ. ಕಜ್ಜಿ ಒಣಗಿತು. ಮನೆ ಉಸಿರು ಬಿಟ್ಟಿತು. ಅಷ್ಟರಲ್ಲೇ ರಕ್ಷಿತಾಳ ಬೆರಳ ಸಂದಿನಲ್ಲಿ ಹೊಸ ಗೆರೆಗಳು ಎದ್ದವು.

ಆಗ ಶುರುವಾಯಿತು ಅನುಮಾನ.

ನಂದೀಶನಿಗೆ ಬಾಡಿಗೆದಾರರ ಮೇಲೆ. ಮೇಲಿನ ಮನೆಯ ರಾಣಿಗೆ ಇವರ ಮೇಲೆ; ಮಹಡಿಯಲ್ಲಿ ತನ್ನ ಬಟ್ಟೆಗಳನ್ನು ಬೇರೆ ಹಗ್ಗಕ್ಕೆ ಹಾಕತೊಡಗಿದಳು. ಸೊಣ್ಣಮ್ಮನಿಗೆ ಸೊಸೆಯ ಮೇಲೆ.

"ನಮ್ ಮೂವರ್ಗೂ ಐತೆ. ನಿನ್ ಮೈ ಮಾತ್ರ ಕನ್ನಡಿ ಇದ್ದಂಗೈತೆ. ಎಂಗೆ?"

"ಕೆಲವ್ರಿಗೆ ತಡವಾಗಿ ಬರುತ್ತಂತೆ ಅತ್ತೆ."

"ನಿಮ್ಮ ಬಟ್ಟೆ ಪ್ಯಾಕ್ಟ್ರಿಯಿಂದ ತಂದು ನಮ್ಗೆ ಅಂಟಿಸ್ಬುಟ್ಟು, ನೀನು ಉಷಾರಾಗಿದ್ದೀಯ."

"ಫ್ಯಾಕ್ಟರೀಲಿ ಕಜ್ಜಿ ಹೊಲಿಯಲ್ಲ, ಶರ್ಟು ಹೊಲೀತಾರೆ."

ಹಾಗೆಂದಳಾದರೂ ಒಳಗೆ ಒಂದು ಮುಳ್ಳು ಮುರಿದಿತ್ತು. ಅಜ್ಜಿ, ಮಗ, ಮೊಮ್ಮಗಳು ಮೂವರೂ ಟಿವಿಯ ಮುಂದೆ ಕೂತು ಒಂದೇ ತಾಳದಲ್ಲಿ ಪರಪರ ಕೆರೆದುಕೊಳ್ಳುತ್ತಿದ್ದರೆ, ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕಜ್ಜಿಯೂ ತನ್ನನ್ನು ಈ ಮನೆಯವಳೆಂದು ಎಣಿಸಲಿಲ್ಲ. ಇಂಥದ್ದಕ್ಕೂ ಹೊಟ್ಟೆಕಿಚ್ಚು ಪಡುತ್ತೇನಲ್ಲ ಎಂದು ನಾಚಿಕೆಯೂ ಆಯಿತು.

ಅವಳ ಅನುಮಾನ ಅತ್ತೆಯ ಮೇಲಿತ್ತು. ಈ ಮುದುಕಿ ಕ್ರೀಮು ಹಚ್ಚಿಕೊಳ್ಳುತ್ತಿಲ್ಲ. ಕೊಟ್ಟದ್ದನ್ನು ಬಚ್ಚಲಿಗೆ ಹಿಂಡಿ, ರೋಗ ಉಳಿಸಿಕೊಂಡು, ಅದು ಮಾಲಾಳ ಕಾಟವೆಂದು ಹೇಳಿ, ತನ್ನ ಕತ್ತಿಗೆ ಆ ಬಿಲ್ಲೆ ಕಟ್ಟಿಸಲು ನೋಡುತ್ತಿದ್ದಾಳೆ. ಮೂರನೆಯ ಸಲ ಹಚ್ಚುವ ದಿನ ಅವಳು ಟ್ಯೂಬು ಕೊಡಲಿಲ್ಲ.

"ಬನ್ನಿ, ನಾನೇ ಹಚ್ತೀನಿ."

ಸೊಣ್ಣಮ್ಮ ಗೊಣಗುತ್ತ ರವಿಕೆ ಬಿಚ್ಚಿ ಬೆನ್ನು ಕೊಟ್ಟಳು. ಆ ಬೆನ್ನು ನೋಡಿ ಶ್ಯಾಮಲಾಳ ಕೈ ನಿಂತಿತು. ಉತ್ತ ಹೊಲದಂತೆ ಗೀರುಗಳು. ಹಳೆಯ ಕ್ರೀಮು ಬಿಳಿ ಹಕ್ಕಳೆಯಾಗಿ, ಕೈಗೆ ಎಟುಕಿದ ಕಡೆಯೆಲ್ಲ ಇತ್ತು. ಮುದುಕಿ ಮೋಸ ಮಾಡಿರಲಿಲ್ಲ.

"ಬೆನ್ನು ಎಟುಕಕಿಲ್ಲ ಕಣವ್ವ," ಎಂದಳು ಸೊಣ್ಣಮ್ಮ ಮೆಲ್ಲಗೆ. "ನಿನ್ನ ಕೇಳಾಕೆ ನಾಚ್ಕೆ ಆಯ್ತು."

ಶ್ಯಾಮಲಾ ಹಚ್ಚಿದಳು. ಕತ್ತಿನ ಕೆಳಗಿಂದ ಸೊಂಟದವರೆಗೆ, ಒಂದು ಗೀರೂ ಬಿಡದೆ. ಮುದುಕಿಯ ಚರ್ಮ ಬೆರಳಡಿಯಲ್ಲಿ ನಡುಗುತ್ತಿತ್ತು. ನೋವಿಗಲ್ಲ, ಭಯಕ್ಕೆ ಎಂದು ಆಗ ತಿಳಿಯಿತು.

ಮರುದಿನ ರಜೆ ಹಾಕಿದ್ದ ಶ್ಯಾಮಲಾ ಮಧ್ಯಾಹ್ನ ರಕ್ಷಿತಾಳ ಬೆರಳಿಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದಾಗ ಹುಡುಗಿ ಕೇಳಿದಳು: "ಆಂಟಿ, ಮನೇಲಿರೋ ಎಲ್ರಿಗೂ ಹಚ್ಬೇಕು ಅಂದ್ರಲ್ವಾ ಡಾಕ್ಟ್ರು? ಅಮ್ಮಂಗೆ ಯಾಕೆ ಹಚ್ಚಲ್ಲ?"

"ಅಮ್ಮ ಇಲ್ವಲ್ಲ ಪುಟ್ಟಿ."

"ಇದಾಳೆ. ನೀವು ಕೆಲ್ಸಕ್ಕೆ ಹೋದ್ಮೇಲೆ ಸಣ್ಣ ಕೋಣೇಲಿ ನನ್ ಪಕ್ಕ ಮಲಗ್ತಾಳೆ. ಅವ್ಳಿಗೂ ತುಂಬಾ ನವೆ. ಬೆನ್ನು ಎಟುಕಲ್ಲ ಅಂತ ನಾನೇ ಕೆರೀತೀನಿ."

ಶ್ಯಾಮಲಾಳ ಮೈ ಒಂದು ಕ್ಷಣ ತಣ್ಣಗಾಯಿತು. ಮರುಕ್ಷಣ ಬುದ್ಧಿ ದಾರಿ ಕಂಡುಕೊಂಡಿತು. ಸೀರೆ! ಮಗು ಯಾರಿಗೂ ಹೇಳದೆ ತಾಯಿಯ ಸೀರೆ ತೆಗೆದು ಹೊದ್ದು ಮಲಗುತ್ತಿದೆ. ಮನೆಯಲ್ಲಿ ಕುದಿಸದೆ ಉಳಿದ ಬಟ್ಟೆ ಅದೊಂದೇ. ಹುಳ ಮಗುವಿನ ಮೈಯಿಂದ ಸೀರೆಗೆ, ಸೀರೆಯಿಂದ ಮಗುವಿಗೆ. ಚೆಕ್ಕಿಂಗ್ ಟೇಬಲ್ಲಿನ ಮೇಲೆ ತಪ್ಪಿದ ಹೊಲಿಗೆ ಸಿಕ್ಕಾಗ ಆಗುವಂಥ ಸಮಾಧಾನವಾಯಿತು ಅವಳಿಗೆ. ಆದರೆ ರೇಷ್ಮೆ ಕುದಿಸಿದರೆ ಹಾಳಾಗುತ್ತದೆ. ಹಾಳಾದರೆ ಈ ಹುಡುಗಿ ಜನ್ಮದಲ್ಲಿ ತನ್ನನ್ನು ಅಮ್ಮ ಅನ್ನುವುದಿಲ್ಲ. ಕವರಿನಲ್ಲಿ ಕಟ್ಟಿಟ್ಟು, ಹುಳ ಸತ್ತ ಮೇಲೆ ಮೊದಲಿದ್ದಂತೆಯೇ ಮಡಿಸಿ ಇಟ್ಟುಬಿಡೋಣ. ಮಗುವಿಗೆ ತಿಳಿಯಬೇಕಿಲ್ಲ.

ಅಜ್ಜಿ ಮೊಮ್ಮಗಳು ಕುದಿಸಿದ ಹೊದಿಕೆಗಳನ್ನು ಹರವಲು ಮಹಡಿಗೆ ಹೋದರು. ನಂದೀಶ ಶೆಡ್ಡಿನಲ್ಲಿದ್ದ. ಶ್ಯಾಮಲಾ ದೊಡ್ಡ ಪ್ಲಾಸ್ಟಿಕ್ ಕವರು ಹಿಡಿದು ಸಣ್ಣ ಕೋಣೆಯ ಬಾಗಿಲಿಗೆ ಬಂದಳು. ಕರೆಂಟು ಹೋಯಿತು.

ಫ್ಯಾನು ನಿಧಾನವಾಗಿ ನಿಂತಿತು. ಪೀಣ್ಯದ ಯಂತ್ರಗಳ ಮೊರೆತವೂ ನಿಂತಿತು. ಕಿಟಕಿಯಿಲ್ಲದ ಕೋಣೆ ಮಸಿ ಬಳಿದಂತೆ ಕಪ್ಪಾಯಿತು. ಮೊಬೈಲು ಅಡುಗೆಮನೆಯಲ್ಲಿತ್ತು. ತರಲು ತಿರುಗಿದಳು.

ಪರ. ಪರ. ಪರ.

ಕೆರೆದುಕೊಳ್ಳುವ ಸದ್ದು. ಕೋಣೆಯ ಒಳಗಿಂದ.

"ಪುಟ್ಟಿ?"

ಮಹಡಿಯ ಮೇಲೆ ರಕ್ಷಿತಾ ನಗುತ್ತಿರುವುದು ಕೇಳಿಸಿತು. ಸದ್ದು ನಿಂತಿತು. ಇಲಿ, ಎಂದುಕೊಂಡಳು. ಗೋಡೆ ತಡವುತ್ತ ಹೋಗಿ ಟ್ರಂಕಿನ ಮುಚ್ಚಳ ಎತ್ತಿದಳು. ನುಸಿಗುಳಿಗೆಯ ವಾಸನೆ ಬರಬೇಕಿತ್ತು. ಬಂದದ್ದು ಬೆವರಿನದು. ಎಣ್ಣೆ ಹಚ್ಚಿದ ತಲೆಯದು. ಆಗಷ್ಟೇ ಮಲಗಿ ಎದ್ದ ಹೆಂಗಸಿನ ಮೈಯದು.

ಸೀರೆಗೆ ಕೈ ತಾಗಿತು. ಇಷ್ಟು ವರ್ಷ ಬಟ್ಟೆ ಮುಟ್ಟಿದ ಕೈ ಅದು, ಸುಳ್ಳು ಹೇಳುವುದಿಲ್ಲ. ವರ್ಷಗಟ್ಟಲೆ ಮಡಿಸಿಟ್ಟ ರೇಷ್ಮೆಯ ಮಡಿಕೆ ಚೂಪಾಗಿರಬೇಕು. ಇದು ಉಟ್ಟು ನಲುಗಿದ ಬಟ್ಟೆ. ಬೆಚ್ಚಗಿತ್ತು. ಇಸ್ತ್ರಿಯ ಒಣ ಬಿಸಿಯಲ್ಲ. ಮೈಯ ಹಸಿ ಬಿಸಿ.

ಮನುಷ್ಯರ ಮೈ ಶಾಖ ಇಲ್ದೆ ಈ ಹುಳ ಬದುಕಲ್ಲ.

ಯಾರ ಮೈ?

ಮಡಿಕೆಯೊಳಗೆ ಬಿಲ್ಲೆ ಹುಡುಕಿದ ಬೆರಳುಗಳಿಗೆ ಬೆರಳು ಸಿಕ್ಕವು.

ಕೂಗಲಿಲ್ಲ. ಆ ಬೆರಳುಗಳು ಅವಳ ಬೆರಳ ಸಂದುಗಳಲ್ಲಿ ಒಂದೊಂದಾಗಿ ಕೂತವು. ಒರಟು. ಬಿಸಿ. ಗುಳ್ಳೆ ಗುಳ್ಳೆ. ಹಿಡಿತ ಬಿಗಿಯಾಗಿರಲಿಲ್ಲ. ಬೇಡುವವರ ಹಿಡಿತ. ಕತ್ತಲೆಯಲ್ಲಿ ಯಾರೋ ಬಿಕ್ಕಿದರು.

"ಬೆನ್ನು ಎಟುಕಲ್ಲ ಅಕ್ಕಾ."

ಓಡಬೇಕಿತ್ತು. ಅವಳು ಓಡಲಿಲ್ಲ. ನಿನ್ನೆ ಬೆರಳಡಿಯಲ್ಲಿ ನಡುಗಿದ ಮುದುಕಿಯ ಚರ್ಮ ನೆನಪಾಯಿತು. ಇದೂ ಹಾಗೇ ನಡುಗುತ್ತಿತ್ತು. ಕುರ್ತಾದ ಜೇಬಿನಲ್ಲಿ ಟ್ಯೂಬಿತ್ತು. ಒಬ್ಬರನ್ನ ಬಿಟ್ರೂ ವಾಪಸ್ ಬರುತ್ತೆ. ಈ ಒಬ್ಬಳಿಗೆ ಯಾರೂ ಹಚ್ಚಿರಲಿಲ್ಲ. ಹಚ್ಚಿದರೆ ಮಗುವಿಗೆ ವಾಸಿಯಾಗುತ್ತದೆ. ಹಚ್ಚಿ ಓಡಿಬಿಡುತ್ತೇನೆ.

ಕಣ್ಣು ಮುಚ್ಚಿದಳು. ಬೆರಳ ಸಂದು. ಮಣಿಕಟ್ಟು. ಮೊಣಕೈ. ತೋಳು. ಚರ್ಮ ಸಿಗುತ್ತಲೇ ಹೋಯಿತು. ಟ್ರಂಕಿನಲ್ಲಿ ಹಿಡಿಸದಷ್ಟು ಚರ್ಮ. ಕತ್ತು. ಭುಜ. ಇನ್ನು ಬೆನ್ನು. ಎದುರಿಗಿರುವವರ ಬೆನ್ನಿಗೆ ಹಚ್ಚಬೇಕಾದರೆ ತಬ್ಬಿಕೊಳ್ಳದೆ ಆಗುವುದಿಲ್ಲ. ತೋಳು ಚಾಚಿದಳು. ಅಂಗೈ ಆ ಬೆನ್ನಿಗೆ ತಾಗಿತು.

ಎರಡು ತೋಳು ಅವಳ ಬೆನ್ನನ್ನು ಬಳಸಿದವು.

ಈಗ ಹಿಡಿತ ಬಿಗಿಯಾಗಿತ್ತು. ಬೇಡುವವರದಲ್ಲ. ಕತ್ತಿನ ಹತ್ತಿರ ಚಿನ್ನದ ತಣ್ಣನೆ ಚುಕ್ಕೆ. ಎದೆಗೆ ಎದೆ. ಚರ್ಮಕ್ಕೆ ಚರ್ಮ. ಬೆರಳ ಸಂದಿನಲ್ಲಿ ಏನೋ ಚುಚ್ಚಿತು. ಸಣ್ಣಗೆ. ಒಳಗೆ ಹರಿಯಿತು. ಇನ್ನೊಂದು. ಮತ್ತೊಂದು. ಮೈತುಂಬ. ಒಳಗೆ. ಒಳಗೆ.

ಕರೆಂಟು ಬಂತು.

ಸಣ್ಣ ಕೋಣೆಯ ಬಾಗಿಲಲ್ಲಿ ಸೊಣ್ಣಮ್ಮ ನಿಂತಿದ್ದಳು. ಟ್ರಂಕು ಖಾಲಿ. ಸೊಸೆ ಧಾರೆ ಸೀರೆ ಉಟ್ಟು ನೆಲದ ಮೇಲೆ ಕೂತಿದ್ದಳು. ತಾಳಿಯ ಪಕ್ಕದಲ್ಲಿ ಬಿಲ್ಲೆ ಹೊಳೆಯುತ್ತಿತ್ತು.

"ಆಕ್ಕೊಂಡ್ಯಾ? ಒಳ್ಳೇದಾಯ್ತು ಕಣವ್ವ," ಎಂದು ಮುದುಕಿ ನಿಟ್ಟುಸಿರಿಟ್ಟಳು. "ಇನ್ನು ಮೈಮ್ಯಾಲೆ ಸುಮ್ಕಿರ್ತಾಳೆ."

ಸೊಸೆ ನಕ್ಕಳು.

ಕಜ್ಜಿ ಮತ್ತೆ ಬರಲಿಲ್ಲ. ಗುಳ್ಳೆಗಳು ಉದುರಿದವು, ಗೆರೆಗಳು ಅಳಿದವು. ರಾಣಿ ಮತ್ತೆ ಒಂದೇ ಹಗ್ಗಕ್ಕೆ ಬಟ್ಟೆ ಹಾಕಿದಳು. ರಕ್ಷಿತಾ ಸ್ಕೂಲಿಗೆ ಹೊರಡುವ ದಿನ ಬಂತು. ಯೂನಿಫಾರ್ಮು ತೊಟ್ಟು, ರಿಬ್ಬನ್ ಹಿಡಿದು, ಸೊಸೆಯ ಮುಂದೆ ಬೆನ್ನು ತಿರುಗಿಸಿ ಕೂತಳು.

ಕೈ ಬಾಚಣಿಗೆ ಎತ್ತಿಕೊಂಡಿತು. ಎಡಗೈ.

ಕಾಫಿ ಲೋಟ ಹಿಡಿದು ಎದುರಿಗೆ ಕೂತಿದ್ದ ಸೊಣ್ಣಮ್ಮ ಆ ಕೈಯನ್ನು ನೋಡಿದಳು. ಲೋಟ ಕೆಳಗಿಟ್ಟಳು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಎದ್ದು ಹೊರಗೆ ಹೋದಳು.

ಜಡೆ ಮುಗಿದಾಗ ರಕ್ಷಿತಾ ತಿರುಗಿ, ಕುತ್ತಿಗೆಗೆ ಜೋತುಬಿದ್ದು, ಮೂಗು ಒತ್ತಿ ವಾಸನೆ ಎಳೆದುಕೊಂಡಳು.

"ಅಮ್ಮಾ."

ಆ ಒಂದು ಮಾತಿಗಾಗಿ ಕಾದಿದ್ದ ಶ್ಯಾಮಲಾ ಎಲ್ಲೋ ಕೆಳಗೆ, ಕೈಕಾಲು ಚಾಚಲಾಗದಷ್ಟು ಇಕ್ಕಟ್ಟಾದ, ಬೆಚ್ಚಗಿನ ಕತ್ತಲೆಯ ಸುರಂಗದಲ್ಲಿ ಅದನ್ನು ಕೇಳಿಸಿಕೊಂಡಳು.

ಹುಡುಗಿ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು. "ಆ ಆಂಟಿ ಹೋದ್ರಾ?"

ಇಲ್ಲೇ ಇದೀನಿ ಪುಟ್ಟಿ, ಇಲ್ಲೇ, ಎಂದು ಕೂಗಲು ಶ್ಯಾಮಲಾ ಬಾಯಿ ಹುಡುಕಿದಳು. ಬಾಯಿ ಸಿಗಲಿಲ್ಲ. ಉಗುರುಗಳಿದ್ದವು. ಮೇಲಿನ ಚರ್ಮವನ್ನು ಒಳಗಿನಿಂದ ಕೆರೆದಳು. ಇದ್ದ ಬಲವನ್ನೆಲ್ಲ ಹಾಕಿ ಕೆರೆದಳು.

"ಹೋದ್ರು ಕಣೇ," ಎಂದಿತು ಅವಳ ದನಿ.

ಎಡಗೈ ಸುಮ್ಮನೆ ಹೋಗಿ ಬಲಗೈಯ ಬೆರಳ ಸಂದನ್ನು ಕೆರೆಯಿತು.

"ಏನಮ್ಮಾ?"

"ಏನಿಲ್ಲ ಪುಟ್ಟಿ. ಒಂಚೂರು ನವೆ."